ನನ್ನ ಪಾಲಿಗೆ ಬಂದ ಪುಟಗಳು

ನಿದ್ರೆ ಬಾರದೆ ನರಳುವವರು ವೈದ್ಯರ ಬಳಿ ಓಡುವ ಮೊದಲು ಒಮ್ಮೆ ಗ್ರಂಥಾಲಯಕ್ಕೆ ಹೋಗಿ ಕೂತು ನೋಡಬೇಕೆಂಬುದು ನನ್ನ ಸ್ವಾನುಭವದ ಸಲಹೆ. ಮನೆಯ ಮಂಚದ ಮೇಲೆ ಎಷ್ಟು ಹೊರಳಿದರೂ ಹತ್ತಿರ ಸುಳಿಯದ ನಿದ್ರಾದೇವಿ, ಅಲ್ಲಿ ಕಟ್ಟಿಗೆಯ ಕುರ್ಚಿಯಲ್ಲಿ ನೆಟ್ಟಗೆ ಕೂತವನನ್ನು ಹುಡುಕಿಕೊಂಡು ಬರುತ್ತಾಳೆ. ಮೇಲೆ ಫ್ಯಾನು ಒಂದೇ ಶ್ರುತಿಯಲ್ಲಿ ತಿರುಗುತ್ತಿರುತ್ತದೆ, ಎದುರಿಗೆ ಸಣ್ಣಕ್ಷರದ ಅಡಿಟಿಪ್ಪಣಿಗಳಿರುತ್ತವೆ, ಮಾತಾಡಿಸಿ ಎಬ್ಬಿಸುವುದಕ್ಕೆ ಯಾರಿಗೂ ಅನುಮತಿ ಇರುವುದಿಲ್ಲ. ಗಲ್ಲಕ್ಕೆ ಕೈಯೂರಿ, ಪುಸ್ತಕದ ಮೇಲೆ ತಲೆ ಬಾಗಿಸಿ, ಗಹನವಾದ ಚಿಂತನೆಯಲ್ಲಿರುವ ವಿದ್ವಾಂಸನ ಭಂಗಿಯಲ್ಲೇ ಗಾಢನಿದ್ರೆ ಮಾಡುವ ಕಲೆಯನ್ನು ನಾನು ಎರಡು ವರ್ಷಗಳ ಸಾಧನೆಯಿಂದ ಸಿದ್ಧಿಸಿಕೊಂಡಿದ್ದೇನೆ. ಹೀಗೆ ನಗುತ್ತ ಶುರುಮಾಡುತ್ತಿದ್ದೇನಾದರೂ ಓದುಗ ಮಿತ್ರರೇ, ಈ ನಿದ್ದೆಯ ಕತೆ ನಗುವಂಥದ್ದಲ್ಲ.

ಮೊದಲು ನನ್ನ ಪರಿಚಯ. ವಾಡಿಯ ಹತ್ತಿರದ ಒಂದು ಸಿಮೆಂಟು ಕಾರ್ಖಾನೆಯ ಗೇಟಿನಲ್ಲಿ ಲಾರಿಗಳ ತೂಕ ಬರೆಯುವ ಗುಮಾಸ್ತ ನಾನು. ಖಾಲಿ ಬಂದಾಗ ಒಂದು ತೂಕ, ತುಂಬಿಕೊಂಡು ಹೋಗುವಾಗ ಇನ್ನೊಂದು ತೂಕ. ಇವೆರಡರ ನಡುವಿನ ವ್ಯತ್ಯಾಸವೇ ನನ್ನ ಇಪ್ಪತ್ತೇಳು ವರ್ಷಗಳ ಬದುಕು. ಐವತ್ತು ದಾಟಿದ ಮೇಲೆ ನನಗೆ ಇತಿಹಾಸದಲ್ಲಿ ಎಂ.ಎ. ಮಾಡಬೇಕೆನಿಸಿತು. ಜ್ಞಾನದಾಹ ಎಂದು ಬರೆದರೆ ಕೇಳುವುದಕ್ಕೆ ಚೆನ್ನಾಗಿರುತ್ತದೆ, ಆದರೆ ನಿಜವೇನೆಂದರೆ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯವರ ಬಾಗಿಲ ಫಲಕದಲ್ಲಿ ಹೆಸರಿನ ಮುಂದೆ ಒಂದು ಪದವಿ ಇತ್ತು, ನಮ್ಮದರಲ್ಲಿ ಹೆಸರಷ್ಟೇ ಇತ್ತು.

ದೂರಶಿಕ್ಷಣವೆಂಬುದು ಎಷ್ಟು ಅನ್ವರ್ಥವಾದ ಹೆಸರೆಂದು ಸೇರಿದ ಮೇಲೆ ತಿಳಿಯಿತು. ವಿಶ್ವವಿದ್ಯಾಲಯ ದೂರ, ಗುರುಗಳು ದೂರ, ಪಠ್ಯಪುಸ್ತಕಗಳ ಪಾರ್ಸಲು ಬಹಳ ದಿನಗಳವರೆಗೆ ಇನ್ನೂ ದೂರ. ಫೋನಿನಲ್ಲೇ ಓದಿಕೊಳ್ಳಲು ಅನುಕೂಲವಾಗಲೆಂದು ಒಂದು ಗುಪ್ತಪದವನ್ನೂ ಕೊಟ್ಟಿದ್ದರು. ಅದನ್ನು ನಾನು ಎಷ್ಟು ಗುಪ್ತವಾಗಿ ಇಟ್ಟುಕೊಂಡೆನೆಂದರೆ ನನಗೇ ಮತ್ತೆ ಸಿಗಲಿಲ್ಲ. ಸಿಕ್ಕಿದ್ದರೂ ನಮಗೆ ಬೇಕಾದ ಕನ್ನಡದ ಹಳೆಯ ಪುಸ್ತಕಗಳು ಅದರಲ್ಲಿರಲಿಲ್ಲವಂತೆ. ಹೀಗಾಗಿ ನಮ್ಮಂಥವರಿಗೆ ಉಳಿದದ್ದು ಕಲಬುರಗಿಯ ಗ್ರಂಥಾಲಯ. ಗುರುತಿನ ಚೀಟಿ ತೋರಿಸಿ, ಚೀಲವನ್ನು ಹೊರಗಿಟ್ಟು, ರಜಿಸ್ಟರಿನಲ್ಲಿ ಹೆಸರು ಬರೆದು ಒಳಗೆ ಹೋಗಬಹುದು. ಯಾವ ಪುಸ್ತಕ ಕೇಳಿದರೂ ತಂದುಕೊಡುತ್ತಿದ್ದರು, ಪಾಪ, ಒಳ್ಳೆಯ ಜನ. ಆದರೆ ದೂರಶಿಕ್ಷಣದವರು ಅಲ್ಲೇ ಕೂತು ಓದಬೇಕು, ಮನೆಗೆ ಒಯ್ಯುವಂತಿಲ್ಲ. ರವಿವಾರ ಅರ್ಧ ದಿನ ಮಾತ್ರ ತೆರೆದಿರುತ್ತಿತ್ತು. ಸೇಡಂ, ಚಿತ್ತಾಪುರದ ಕಡೆಯಿಂದ ಬರುವ ಬೆಳಗಿನ ರೈಲು ಹಿಡಿದು ಹೋದರೆ ನಮ್ಮ ಪಾಲಿಗೆ ಸಿಗುತ್ತಿದ್ದದ್ದು ಎರಡೂವರೆ ತಾಸು.

ಆ ರೈಲಿನಲ್ಲೇ ನನಗೆ ಶಾಹೀನ್ ಟೀಚರ್ ಪರಿಚಯವಾದದ್ದು. ನಾನು ವಾಡಿಯಲ್ಲಿ ಹತ್ತಿದರೆ ಅವರು ಶಹಾಬಾದಿನಲ್ಲಿ ಹತ್ತುತ್ತಿದ್ದರು. ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ನನಗಿಂತ ಹದಿನೈದು ವರ್ಷ ಚಿಕ್ಕವರು. ಅವರದೂ ಇತಿಹಾಸವೇ, ಅವರದೂ ದೂರಶಿಕ್ಷಣವೇ. ವ್ಯತ್ಯಾಸವೆಂದರೆ ನನಗೆ ಬೇಕಾಗಿದ್ದದ್ದು ಬಾಗಿಲ ಫಲಕ, ಅವರಿಗೆ ಬೇಕಾಗಿದ್ದದ್ದು ನೌಕರಿ. ಒಂದು ಜೂನಿಯರ್ ಕಾಲೇಜಿನವರು, ಬರುವ ಜೂನಿನೊಳಗೆ ಎಂ.ಎ. ಪಾಸಾದ ಅಂಕಪಟ್ಟಿ ತಂದರೆ ಇತಿಹಾಸದ ಪಾಠಗಳನ್ನು ಅವರಿಗೇ ಕೊಡುವುದಾಗಿ ಮಾತು ಕೊಟ್ಟಿದ್ದರು. ವರ್ಷ ವರ್ಷವೂ ಶಾಲೆ ಶುರುವಾಗುವಾಗ ಈ ಸಲ ಕರೆಯುತ್ತಾರೋ ಇಲ್ಲವೋ ಎಂದು ಕಾಯುವ ಪಾಡು ಅವರಿಗೆ ಅಲ್ಲಿಗೆ ತಪ್ಪುತ್ತಿತ್ತು.

ಎರಡೂವರೆ ತಾಸಿನಲ್ಲಿ ಯಾವ ಪುಸ್ತಕ ಮುಗಿಯುತ್ತದೆ? ಅದಕ್ಕೆ ಉಪಾಯ ಹೂಡಿದವರು ಟೀಚರೇ. ನಮಗೆ ಬೇಕಾದ ಅಧ್ಯಾಯಗಳನ್ನು ಎರಡು ಪಾಲು ಮಾಡುವುದು. ಒಂದೇ ವಿಷಯದ ಮೇಲೆ ಎರಡು ಪುಸ್ತಕಗಳಿದ್ದರೆ ತಲಾ ಒಂದು, ಒಂದೇ ಇದ್ದರೆ ಮೊದಲ ತಾಸು ಅವರಿಗೆ, ಆಮೇಲಿನದು ನನಗೆ. ಓದಿದ್ದನ್ನು ಮರಳಿ ಬರುವ ರೈಲಿನಲ್ಲಿ ಒಬ್ಬರಿಗೊಬ್ಬರು ಒಪ್ಪಿಸುವುದು. ಅವರು ಹೇಳುವಾಗ ನಾನು ಬರೆದುಕೊಳ್ಳುತ್ತಿದ್ದೆ, ನಾನು ಹೇಳುವಾಗ ಅವರು. ಕಲಬುರಗಿಯಿಂದ ಶಹಾಬಾದಿನವರೆಗಿನ ಆ ಸಣ್ಣ ಹಾದಿಯಲ್ಲಿ ಎಷ್ಟು ಸಾಮ್ರಾಜ್ಯಗಳು ಎದ್ದವು, ಎಷ್ಟು ಬಿದ್ದವು! ಎದುರಿನ ಸೀಟಿನ ಜನ ಶೇಂಗಾ ತಿನ್ನುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಟೀಚರ್ ಹೇಳುವ ಕ್ರಮ ಬಲು ಶುಷ್ಕ, ಪುಸ್ತಕದಲ್ಲಿದ್ದಷ್ಟೇ, ಒಂದು ಅಕ್ಷರ ಹೆಚ್ಚಿಲ್ಲ. ನನ್ನದು ಹಾಗಲ್ಲ. ರಾಜನ ಹೆಸರು ಬಂದರೆ ಅವನ ಮೀಸೆಯೂ ಬರಬೇಕು, ಯುದ್ಧ ಬಂದರೆ ಧೂಳೂ ಏಳಬೇಕು. ಮಂದಿ ನನ್ನ ಬಾಯಿ ನೋಡುತ್ತ ಕೂತರೆ ನನಗೆ ಆ ದಿನದ ಊಟವೂ ಬೇಕಾಗುತ್ತಿರಲಿಲ್ಲ.

ಪರೀಕ್ಷೆಗೆ ಒಂದು ತಿಂಗಳಿರುವಾಗ ರಾಷ್ಟ್ರಕೂಟರ ಮೇಲಿನ ಪುಸ್ತಕ ತೆಗೆಸಿದೆವು. ಅವರ ರಾಜಧಾನಿಯಾಗಿದ್ದ ಮಾಳಖೇಡ ನಮ್ಮ ರೈಲಿನ ಹಾದಿಯಲ್ಲೇ ಇದೆ. ಆ ರೈಲು ದಿನಾ ಅದರ ಮಗ್ಗುಲಿಂದಲೇ ಬರುತ್ತದೆ. ಸಾಹಿತ್ಯ ಮತ್ತು ಕಲೆಯ ಅಧ್ಯಾಯ ಟೀಚರ್ ಪಾಲಿಗೆ ಬಂತು, ಕಂದಾಯ ಮತ್ತು ಆಡಳಿತದ ಇಪ್ಪತ್ತೆಂಟು ಪುಟಗಳು ನನ್ನ ಪಾಲಿಗೆ. ಹಿಂದಿನ ದಿನ ನನ್ನದು ರಾತ್ರಿಪಾಳಿ ಇತ್ತು, ಗೇಟಿನಿಂದ ಸೀದಾ ಸ್ಟೇಷನ್ನಿಗೆ ಬಂದಿದ್ದೆ. ಮೊದಲ ಪುಟ ಓದಿದ ನೆನಪಿದೆ. ಎರಡನೆಯ ಪುಟದ ನಡುವೆ ಎಲ್ಲೋ ವಿದ್ವಾಂಸನ ಭಂಗಿಗೆ ಬಂದೆ. ಕಣ್ಣು ತೆರೆದಾಗ ಸಿಪಾಯಿ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದ, ಟೀಚರ್ ತಮ್ಮ ನೋಟುಬುಕ್ಕನ್ನು ಎದೆಗವಚಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದರು. ನನ್ನ ಬೆನ್ನು ಅವರ ಕಡೆಗಿದ್ದದ್ದರಿಂದ ಅವರಿಗೆ ಏನೂ ಗೊತ್ತಾಗಿರಲಿಲ್ಲ.

ರೈಲು ಬಿಟ್ಟಿತು. ಅವರು ತಮ್ಮ ಪಾಲನ್ನು ಒಪ್ಪಿಸಿ ಮುಗಿಸಿ, ಪೆನ್ನಿನ ಮುಚ್ಚಳ ತೆಗೆದು, "ಈಗ ನೀವು ಹೇಳ್ರಿ ಅಣ್ಣಾರ" ಎಂದರು.

ನಿದ್ದೆ ಬಂದಿತ್ತೆಂದು ಹೇಳುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಎದುರಿಗೆ ಶೇಂಗಾದ ಮಂದಿ ಆಗಲೇ ನನ್ನ ಬಾಯಿ ನೋಡತೊಡಗಿದ್ದರು. ವಯಸ್ಸಿನಲ್ಲಿ ಹಿರಿಯನಾದವನು ತೂಕಡಿಸಿಬಿಟ್ಟೆ ಎಂದು ಒಪ್ಪಿಕೊಳ್ಳುವುದು ಹೇಗೆಂದು ನನಗೆ ತಿಳಿಯಲಿಲ್ಲ. ಗಂಟಲು ಸರಿಪಡಿಸಿಕೊಂಡು ಶುರುಮಾಡಿದೆ. ಗೊತ್ತಿದ್ದದ್ದು ಒಂದೂವರೆ ಪುಟ. ಉಳಿದ ಇಪ್ಪತ್ತಾರೂವರೆ ಪುಟಗಳನ್ನು ಎಲ್ಲಿಂದ ತರಲಿ? ಗೊತ್ತಿದ್ದ ಒಂದೇ ಆಡಳಿತದಿಂದ ತಂದೆ. ಮಾಳಖೇಡದ ಕೋಟೆಬಾಗಿಲಲ್ಲಿ ದೊಡ್ಡ ತಕ್ಕಡಿಯೊಂದನ್ನು ನಿಲ್ಲಿಸಿದೆ. ಊರೊಳಗೆ ಬರುವ ಸರಕನ್ನು ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ ತೂಗಿಸಿದೆ. ಒಬ್ಬ ತೂಗುವವನು, ಒಬ್ಬ ಬರೆಯುವವನು, ಇಬ್ಬರ ಮೇಲೊಬ್ಬ ಮುದ್ರೆ ಒತ್ತುವವನು. ಅವನಿಗೆ ತುಲಾಧ್ಯಕ್ಷನೆಂಬ ಬಿರುದನ್ನೂ ದಯಪಾಲಿಸಿದೆ. ಪಾಳಿ ಬದಲಾಗುವಾಗ ಒಬ್ಬರ ಓಲೆಯನ್ನು ಇನ್ನೊಬ್ಬರು ತಾಳೆ ನೋಡುವ ಪದ್ಧತಿಯೂ ಇತ್ತೆಂದೆ. ನಮ್ಮ ಕಾರ್ಖಾನೆಯ ಗೇಟು ಹೀಗೆ ಒಂದು ಸಾವಿರ ವರ್ಷ ಹಿಂದಕ್ಕೆ ಹೋಗಿ ನಿಂತಿತು. ಟೀಚರ್ ಒಂದಕ್ಷರವನ್ನೂ ಬಿಡದೆ ಬರೆದುಕೊಂಡರು. ಶಹಾಬಾದಿನಲ್ಲಿ ಇಳಿಯುವಾಗ, "ಇವತ್ತಿಂದು ಭಾಳ ಛಂದ ಹೇಳಿದ್ರಿ" ಎಂದರು. ನನಗೆ ನಾಚಿಕೆಯಾಗಬೇಕಿತ್ತು. ಸಂತೋಷವಾಯಿತು.

ಪರೀಕ್ಷೆಯಲ್ಲಿ ಎರಡರಲ್ಲಿ ಒಂದನ್ನು ಉತ್ತರಿಸಿರಿ ಎಂಬ ದೊಡ್ಡ ಪ್ರಶ್ನೆ ಬಂತು. ರಾಷ್ಟ್ರಕೂಟರ ಕಂದಾಯ ವ್ಯವಸ್ಥೆ, ಅಥವಾ ರಾಷ್ಟ್ರಕೂಟರ ಕಾಲದ ಸಾಹಿತ್ಯ ಮತ್ತು ಕಲೆ. ನಾನು ಎರಡನೆಯದನ್ನು ಬರೆದೆ. ಟೀಚರ್ ಓದಿ, ಪುಸ್ತಕದಲ್ಲಿದ್ದಷ್ಟೇ ಒಪ್ಪಿಸಿದ್ದ ಆ ಶುಷ್ಕ ವಿವರಗಳನ್ನು ನಾನು ನೆಮ್ಮದಿಯಿಂದ ಬರೆದು ಮುಗಿಸಿದೆ. ಅವರು ಯಾವುದನ್ನು ಬರೆದರೆಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲವೆಂದೇ ಹೇಳಬೇಕು.

ಫಲಿತಾಂಶ ಬಂತು. ನಾನು ಪಾಸು. ಅವರಿಗೆ ಅದೊಂದೇ ಪತ್ರಿಕೆಯಲ್ಲಿ ಮೂರು ಅಂಕ ಕಡಿಮೆ. ಜೂನು ಬಂತು, ಕಾಲೇಜಿನವರು ಸ್ವಲ್ಪ ದಿನ ಕಾದರು, ಆಮೇಲೆ ಆ ಪಾಠಗಳು ಬೇರೆಯವರಿಗೆ ಹೋದವು. ಟೀಚರ್ ಮತ್ತೆ ಆ ಪತ್ರಿಕೆಗೆ ಕಟ್ಟಿ, ಮತ್ತೆ ರವಿವಾರದ ರೈಲು ಹತ್ತಿದರು. ನನ್ನ ಗುರುತಿನ ಚೀಟಿಗೆ ಇನ್ನೂ ಕೆಲವು ತಿಂಗಳ ಆಯುಷ್ಯವಿತ್ತು, ಅವರ ಜೊತೆಗಿರಲೆಂದು ನಾನೂ ಹತ್ತಿದೆ. ಬಾಗಿಲಿಗೆ ಫಲಕ ಬರೆಸುವ ಮನಸ್ಸಾಗಲಿಲ್ಲ. "ನನ್ನ ತಲಿಗೇ ಇದು ಹತ್ತಂಗಿಲ್ಲ ಕಾಣ್ತದ್ರಿ ಅಣ್ಣಾರ" ಎಂದು ಅವರು ಒಮ್ಮೆ ಅಂದಾಗ ನಾನು ಸಮಾಧಾನ ಹೇಳಿದೆ. ಸೋಲು ಗೆಲುವು ಎಲ್ಲರಿಗೂ ಇದ್ದದ್ದೇ ಎಂಬಂಥ ಮಾತುಗಳು. ಅಷ್ಟು ಹೇಸಿಗೆಯ ಸಮಾಧಾನವನ್ನು ಯಾರೂ ಯಾರಿಗೂ ಹೇಳಿರಲಾರರು.

ಹೀಗೇ ಎಷ್ಟು ದಿನ ನಡೆಯುತ್ತಿತ್ತೋ ತಿಳಿಯದು, ಒಂದು ರವಿವಾರ ಕಲಬುರಗಿಗೆ ಹೋಗುವಾಗ ರೈಲಿನಲ್ಲಿ ಟೀಚರ್ ತಮ್ಮ ಫೋನನ್ನು ನನ್ನ ಮುಂದೆ ಹಿಡಿದರು. ಎಂಟನೆಯ ತರಗತಿಯ ಮಕ್ಕಳನ್ನು ಮಾಳಖೇಡಕ್ಕೆ ಕರೆದುಕೊಂಡು ಹೋಗಿದ್ದರಂತೆ. ಕೋಟೆಬಾಗಿಲ ಮುಂದೆ ಮಕ್ಕಳು ಸಾಲಾಗಿ ನಿಂತಿದ್ದಾರೆ, ನೆಲದ ಮೇಲೆ ಒಂದು ಕಡೆಗೆ ಎಲ್ಲರೂ ಬೆರಳು ಮಾಡಿ ತೋರಿಸುತ್ತಿದ್ದಾರೆ. "ತಕ್ಕಡಿ ಇಲ್ಲೇ ಇದ್ದಿರಬೇಕಂತ ತೋರಿಸೀನ್ರಿ. ಹುಡುಗ್ರು ಎಷ್ಟ ಖುಷಿ ಆದ್ರು ಅಂತೀರಿ! ತುಲಾಧ್ಯಕ್ಷನ ಆಟಾನೇ ಆಡಿದ್ರು."

ಆ ಚಿತ್ರವನ್ನು ನಾನು ಬಹಳ ಹೊತ್ತು ನೋಡಿದೆ. ದೊಡ್ಡವರಿಗೆ ಹೇಳಿದ ಸುಳ್ಳು ಒಂದು ಉತ್ತರಪತ್ರಿಕೆಯಲ್ಲಿ ಮುಗಿದಿತ್ತೆಂದು ನಂಬಿಕೊಂಡಿದ್ದೆ. ಅದು ಊರು ತಿರುಗಿ ಮಕ್ಕಳ ಕೈಗೆ ಬಂದಿತ್ತು. ಫೋನು ವಾಪಸು ಕೊಟ್ಟು ಎಲ್ಲವನ್ನೂ ಹೇಳಿದೆ. ನಿದ್ದೆ ಬಂದದ್ದು, ತಕ್ಕಡಿ ನಮ್ಮ ಗೇಟಿನದೆಂಬುದು, ಪರೀಕ್ಷೆಯಲ್ಲಿ ನಾನು ಬೇರೆ ಪ್ರಶ್ನೆ ಬರೆದದ್ದು.

ಟೀಚರ್ ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಅವರು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತ ಕೂತರು. ರೈಲು ಮರತೂರು ದಾಟಿದ ಮೇಲೆ ಮೆಲ್ಲಗೆ ಹೇಳಿದರು: "ಎರಡೂ ಪ್ರಶ್ನಿ ನನಗ ಬರತಿದ್ವು ಅಣ್ಣಾರ. ನಾ ಓದಿದ್ದು ಬಿಟ್ಟು ನೀವು ಹೇಳಿದ್ದೇ ಬರದೆ. ನೀವು ಹೇಳಿದ್ದು ಅಷ್ಟು ಛಂದ ಇತ್ತು."

ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲಾಗಲಿಲ್ಲ, ಕಿಟಕಿಯ ಕಡೆ ಮುಖ ತಿರುಗಿಸಿದೆ. ಮತ್ತೆ ಅವರೇ ಮಾತಾಡಿದರು. "ನನ್ನ ನೌಕರಿ ಹೋತು, ಅದು ಹೋಗ್ಲಿ. ಹುಡುಗ್ರಿಗೆ ನಾ ಏನಂತ ಹೇಳ್ಲಿ? ನೀವೇ ಬಂದು ಹೇಳ್ರಿ. ಮತ್ತ ಇನ್ನ ಮ್ಯಾಲ ನನ್ನ ಪುಟ ನಾನೇ ಓದ್ಕೋತೀನ್ರಿ."

ಅಂದು ಗ್ರಂಥಾಲಯದಲ್ಲಿ ಅವರು ಬೇರೆ ಮೇಜಿಗೆ ಹೋಗಿ ಕೂತರು. ನಾನು ಅದೇ ಪುಸ್ತಕ ತೆಗೆಸಿ ನನ್ನ ಪಾಲಿನ ಇಪ್ಪತ್ತೆಂಟು ಪುಟಗಳನ್ನು ಓದಿದೆ, ಅಡಿಟಿಪ್ಪಣಿ ಸಮೇತ. ಭೂಮಿಯ ಕಂದಾಯ, ದತ್ತಿ ಬಿಟ್ಟ ಊರುಗಳು, ಗ್ರಾಮದ ಮುಖ್ಯಸ್ಥರು, ಎಲ್ಲ ಇತ್ತು. ಕೋಟೆಬಾಗಿಲಲ್ಲಿ ಏನು ನಡೆಯುತ್ತಿತ್ತೆಂಬ ಬಗ್ಗೆ ಒಂದು ಸಾಲೂ ಇರಲಿಲ್ಲ.

ಮರುದಿನ ರಜೆ ಹಾಕಿ ಶಹಾಬಾದಿನ ಆ ಶಾಲೆಗೆ ಹೋದೆ. ನಲವತ್ತು ಮಕ್ಕಳು ಎದ್ದು ನಿಂತು ನಮಸ್ಕಾರ ಹೇಳಿದರು. ಟೀಚರ್ ಗೋಡೆಗೊರಗಿ ನಿಂತರು, ನನ್ನನ್ನು ಪರಿಚಯಿಸಲಿಲ್ಲ. ನಾನೇ ಹೇಳಿಕೊಂಡೆ. ನಾನು ಯಾರು, ಎಲ್ಲಿ ನಿದ್ದೆ ಹೋದೆ, ಆಮೇಲೆ ಹೇಗೆ ಸುಳ್ಳು ಹೇಳಿದೆ, ಅದರಿಂದ ಅವರ ಟೀಚರಿಗೆ ಏನಾಯಿತು. ರೈಲಿನಲ್ಲಿ ಅಷ್ಟು ಸೊಗಸಾಗಿ ಹರಿಯುತ್ತಿದ್ದ ನನ್ನ ಮಾತು ಅಲ್ಲಿ ನಾಲ್ಕು ಸಾಲಿಗೆ ಮುಗಿದುಹೋಯಿತು. ಕೆಲವರು ನಕ್ಕರು. ಮುಂದಿನ ಸಾಲಿನ ಹುಡುಗಿಯೊಬ್ಬಳು ನಗಲಿಲ್ಲ, ಎದ್ದು ನಿಂತು ಕೇಳಿದಳು: "ಹಂಗಾರ ಆ ಬಾಗಲದಾಗ ಖರೇ ಏನಿತ್ರಿ ಸರ್?"

ಒಂದು ಒಳ್ಳೆಯ ಉತ್ತರ ಆಗಲೇ ನನ್ನ ನಾಲಗೆಯ ತುದಿಗೆ ಬಂದಿತ್ತು. ಆನೆ, ಕಾವಲುಗಾರರು, ದೂರದೇಶದ ವ್ಯಾಪಾರಿಗಳು. ಮಗು ಅಷ್ಟು ಆಸೆಯಿಂದ ನೋಡುತ್ತಿತ್ತು.

"ನನಗ ಗೊತ್ತಿಲ್ಲವ್ವಾ" ಎಂದೆ. "ನಾ ಓದಿದ ಪುಸ್ತಕದಾಗ ಅದು ಬರದಿಲ್ಲ."

ಹುಡುಗಿ ನಿರಾಶೆಯಿಂದ ಕೂತಳು. ಟೀಚರ್ ಗೋಡೆ ಬಿಟ್ಟು ಬಂದು, ಆ ದಿನ ಮೊದಲ ಸಲ ನನ್ನ ಮುಖ ನೋಡಿ, ತಮ್ಮ ಕುರ್ಚಿಯನ್ನು ನನ್ನ ಕಡೆಗೆ ಸರಿಸಿದರು.

"ಕುಂದ್ರಿ ಅಣ್ಣಾರ" ಎಂದರು.