ಒಳಗೆ ಬಿಟ್ಟ ಬಟ್ಟೆ

ವಿಜಯನಗರದ ಮಾರುಕಟ್ಟೆ ಬೀದಿಯಿಂದ ಒಳಗೆ ತಿರುಗುವ ಅಡ್ಡರಸ್ತೆಯಲ್ಲಿ ನನ್ನದೊಂದು ಲೇಡೀಸ್ ಟೈಲರ್ ಅಂಗಡಿ ಇದೆ. ಎದುರಿಗೆ ತರಕಾರಿ ಗಾಡಿ, ಪಕ್ಕದಲ್ಲಿ ಮೊಬೈಲ್ ರಿಪೇರಿ. ಬೋರ್ಡಿನ ಮೇಲೆ ‘ಬ್ಲೌಸ್ ಸ್ಪೆಷಲಿಸ್ಟ್’ ಎಂದು ಬರೆಸಿದ್ದೇನೆ. ಬೋರ್ಡು ಬರೆಯುವವನು ನನ್ನನ್ನು ಪರೀಕ್ಷೆ ಮಾಡಲಿಲ್ಲ. ದುಡ್ಡು ತೆಗೆದುಕೊಂಡು ಬರೆದುಕೊಟ್ಟ.

ಬ್ಲೌಸ್ ಹೊಲಿಸಲು ಬರುವವರು ಹೊಸ ಬಟ್ಟೆಯ ಜೊತೆಗೆ ತಮಗೆ ಸರಿಯಾಗಿ ಕೂರುವ ಒಂದು ಹಳೆಯ ಬ್ಲೌಸನ್ನೂ ತರುತ್ತಾರೆ. ಅದಕ್ಕೆ ಅಳತೆ ಬ್ಲೌಸು ಎನ್ನುತ್ತೇವೆ. ಗಂಡಸು ಟೈಲರ್ ಹೆಂಗಸರ ಮೈಗೆ ಟೇಪು ಹಿಡಿಯುವುದು ಅವರಿಗೂ ಮುಜುಗರ, ನಮಗೂ ಮುಜುಗರ. ಅದಕ್ಕೇ ಈ ಪದ್ಧತಿ. ಹಳೆಯದನ್ನು ಹೊಸ ಬಟ್ಟೆಯ ಮೇಲೆ ಹರಡಬೇಕು, ಸುತ್ತ ಚಾಕಿನಲ್ಲಿ ಗೆರೆ ಎಳೆಯಬೇಕು, ಹೊಲಿಗೆಗೆ ಒಂದಿಷ್ಟು ಬಿಟ್ಟು ಕತ್ತರಿಸಬೇಕು. ನನ್ನ ಇಡೀ ವಿದ್ಯೆ ಇಷ್ಟೇ. ಟೇಪು ಹಿಡಿದು ಅಳತೆ ತೆಗೆದು, ಲೆಕ್ಕ ಹಾಕಿ, ಬರಿಯ ಬಟ್ಟೆಯ ಮೇಲೆ ಬ್ಲೌಸನ್ನು ಬರೆಯುವುದು ನನಗೆ ಬರುತ್ತಿರಲಿಲ್ಲ. ಕೊರಳಿಗೆ ಮಾತ್ರ ಯಾವಾಗಲೂ ಟೇಪು ಹಾಕಿಕೊಂಡಿರುತ್ತಿದ್ದೆ.

ನಾವು ಬಿನ್ನಿಪೇಟೆಯವರು. ಅಪ್ಪ ಮಿಲ್ಲಿನಲ್ಲಿದ್ದರು. ಮಿಲ್ಲು ನಿಂತ ಮೇಲೆ ಮನೆಯಲ್ಲಿ ಕೂತರು. ಏಳನೇ ಕ್ಲಾಸು ಮುಗಿಸಿದ್ದ ನನ್ನನ್ನು ಒಬ್ಬ ಟೈಲರ್ ಮಾಸ್ಟರ ಅಂಗಡಿಗೆ ಸೇರಿಸಿದರು. ಆ ಮಾಸ್ಟರು ಕಟಿಂಗ್ ಮಾಡುವಾಗ ನಮಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಆಗಿನ ಮಾಸ್ಟರುಗಳೆಲ್ಲ ಹಾಗೇ. ಕಲಿತ ಹುಡುಗ ಪಕ್ಕದ ಬೀದಿಯಲ್ಲೇ ಅಂಗಡಿ ಇಡುತ್ತಾನೆ ಎಂಬ ಭಯ. ನಾನು ಕಲಿಯದೆಯೇ ಅಂಗಡಿ ಇಟ್ಟೆ. ಗಿರಾಕಿಗಳು ಮೊದಲನೆಯ ದಿನದಿಂದಲೇ ‘ಮಾಸ್ಟ್ರೇ’ ಎಂದು ಕರೆದರು. ಒಮ್ಮೆ ಮಾಸ್ಟರ್ ಆದವನು ಇನ್ನೊಬ್ಬರ ಬಾಗಿಲಿಗೆ ಹೋಗಿ, ‘ನನಗೆ ಬರಲ್ಲ, ಹೇಳಿಕೊಡಿ’ ಎನ್ನುವುದು ಹೇಗೆಂದು ನನಗೆ ತಿಳಿಯಲಿಲ್ಲ. ಹೋಗಲಿಲ್ಲ.

ಅಂಗಡಿಗೆ ಹೆಮ್ಮಿಂಗ್ ಮಾಡಲು, ಹುಕ್ಸ್ ಹಾಕಲು, ಸೀರೆಗೆ ಫಾಲ್ ಹೊಲಿಯಲು ಒಂದು ಕೈ ಬೇಕಿತ್ತು. ನನ್ನ ತಂಗಿ ಆಗ ಒಂಬತ್ತನೇ ಕ್ಲಾಸಿನಲ್ಲಿದ್ದಳು. ಲೆಕ್ಕದಲ್ಲಿ ಚುರುಕು. “ಹೇಗೂ ಮದುವೆ ಮಾಡಿ ಕಳಿಸೋದೇ ತಾನೆ, ಅಂಗಡಿಗೆ ಬರಲಿ” ಎಂದು ಮನೆಯಲ್ಲಿ ಹೇಳಿದವನು ನಾನು. ಯಾರೂ ಬೇಡ ಅನ್ನಲಿಲ್ಲ. ಅವಳನ್ನು ಯಾರೂ ಕೇಳಲಿಲ್ಲ. ಮದುವೆಯಾಗಿ ಇದೇ ವಿಜಯನಗರದಲ್ಲಿ ಎರಡು ರಸ್ತೆ ಆಚೆಗೆ ಹೋದಳು, ಅಂಗಡಿಗೆ ಬರುವುದು ನಿಲ್ಲಲಿಲ್ಲ.

ಕಟಿಂಗ್ ಹೇಳಿಕೊಡು ಎಂದು ಅವಳು ಮೊದಲಿನಿಂದಲೂ ಕೇಳುತ್ತಿದ್ದಳು. ಗೌರಿ ಹಬ್ಬದ ಕೆಲಸ ಮುಗಿಯಲಿ ಎಂದೆ. ದೀಪಾವಳಿ ಮುಗಿಯಲಿ ಎಂದೆ. ಮದುವೆ ಸೀಸನ್ನು ಮುಗಿಯಲಿ ಎಂದೆ. ಎಲ್ಲ ಮುಗಿದು ಆಷಾಢ ಬಂದು, ಗಿರಾಕಿಗಳಿಲ್ಲದೆ ಇಬ್ಬರೂ ರಸ್ತೆ ನೋಡುತ್ತ ಕೂತಾಗ, “ಆಷಾಢದಲ್ಲಿ ಯಾರಾದ್ರೂ ಹೊಸದು ಶುರು ಮಾಡ್ತಾರೇನೇ?” ಎಂದೆ. ಹೀಗೆ ನಾವಿಬ್ಬರೂ ಐವತ್ತರ ಆಸುಪಾಸಿಗೆ ಬಂದೆವು.

ಈ ಮಧ್ಯೆ ಗಿರಾಕಿಗಳು ಕಡಿಮೆಯಾಗುತ್ತಿದ್ದರು. ಮೆಟ್ರೋ ಸ್ಟೇಷನ್ನಿನ ಕಡೆ ಹೊಸ ಬೊಟೀಕುಗಳು ಬಂದವು. ಹುಡುಗಿಯರು ಮೊಬೈಲಿನಲ್ಲಿ ಫೋಟೋ ತೋರಿಸಿ ಹೀಗೇ ಬೇಕು ಎನ್ನುತ್ತಿದ್ದರು. ಫೋಟೋವನ್ನು ಬಟ್ಟೆಯ ಮೇಲೆ ಹರಡಿ ಗೆರೆ ಎಳೆಯಲು ಬರುವುದಿಲ್ಲ. “ಇದು ನಿಮಗೆ ಒಪ್ಪಲ್ಲಮ್ಮ” ಎಂದು ಕಳಿಸುತ್ತಿದ್ದೆ. ಅವರು ಒಪ್ಪುವ ಕಡೆಗೆ ಹೋದರು.

ಒಂದು ದಿನ ಸೂಜಿಗೆ ದಾರ ಪೋಣಿಸುತ್ತ ತಂಗಿ ಹೇಳಿದಳು:

“ಅಣ್ಣ, ರಾಜಾಜಿನಗರದಲ್ಲಿ ಕಟಿಂಗ್ ಕ್ಲಾಸ್ ಇದೆ. ಸೇರ್ಕೊಂಡೆ.”

“ಸೇರ್ಕೋಬೇಕು ಅಂತಿದೀಯಾ?”

“ಸೇರ್ಕೊಂಡೆ ಅಂದೆ.”

“ಈ ವಯಸ್ಸಲ್ಲಿ?”

“ಅವರು ವಯಸ್ಸು ಕೇಳ್ಲಿಲ್ಲ. ಎರಡು ಫೋಟೋ ಕೇಳಿದ್ರು, ಕೊಟ್ಟೆ.”

ವಾರಕ್ಕೆರಡು ಬೆಳಗ್ಗೆ ಬಸ್ಸಿನಲ್ಲಿ ಹೋಗಿಬರತೊಡಗಿದಳು. ಹೇಳಿಕೊಡುವವಳು ಅವಳ ಮಗಳ ವಯಸ್ಸಿನ ಹುಡುಗಿ, ಇವಳನ್ನು ಆಂಟಿ ಎನ್ನುತ್ತಿದ್ದಳು. ಮಧ್ಯಾಹ್ನ ಅಂಗಡಿಯ ನೆಲದ ಮೇಲೆ ಹಳೇ ಪೇಪರ್ ಹಾಸಿಕೊಂಡು, ಸ್ಕೇಲು ಪೆನ್ಸಿಲು ಹಿಡಿದು ಬರೆಯುವಳು, ಭಾಗಿಸುವಳು, ಕತ್ತರಿಸುವಳು. ಒಂಬತ್ತನೇ ಕ್ಲಾಸಿನಲ್ಲಿ ಬಿಟ್ಟ ಲೆಕ್ಕ ಎಲ್ಲೂ ಹೋಗಿರಲಿಲ್ಲ.

“ಅಣ್ಣ, ಕಂಕುಳ ಸುತ್ತು ನೀನು ಹೇಗೆ ಲೆಕ್ಕ ಹಾಕ್ತೀಯಾ?”

“ಅಂದಾಜು.”

“ಅಂದಾಜು ಅಂದ್ರೆ?”

“ಅನುಭವ ಕಣೇ. ಅದನ್ನೆಲ್ಲ ಹೇಳಿಕೊಡೋಕಾಗಲ್ಲ.”

ಹೇಳಿಕೊಡಲು ಆಗುವುದಿಲ್ಲ ಎಂಬಷ್ಟು ಮಾತ್ರ ನಿಜವಾಗಿತ್ತು.

ಕೆಲವು ತಿಂಗಳಾದ ಮೇಲೆ ಅಂಗಡಿಯ ಮೂಲೆಗೆ ಒಂದು ಪರದೆ ಕಟ್ಟಿದಳು. ಅದರ ಹಿಂದೆ ನಿಂತು ಹೆಂಗಸರ ಅಳತೆ ತೆಗೆಯತೊಡಗಿದಳು. ಟೇಪನ್ನು ನನ್ನ ಕೊರಳಿನಿಂದಲೇ ತೆಗೆದುಕೊಂಡು ಹೋಗುತ್ತಿದ್ದಳು. ಅವಳು ಕಟಿಂಗ್, ನಾನು ಹೊಲಿಗೆ ಎಂದು ಕೆಲಸ ಭಾಗವಾಯಿತು. ಬೊಟೀಕಿಗೆ ಹೋಗಿದ್ದ ಹುಡುಗಿಯರಲ್ಲಿ ಕೆಲವರು ವಾಪಸು ಬಂದರು. ಬಂದವರು ಅಂಗಡಿಯ ಹೊರಗಿನಿಂದಲೇ, “ಆಂಟಿ ಇದಾರಾ?” ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಆಮೇಲೆ ಬರ್ತೀವಿ ಎನ್ನುತ್ತಿದ್ದರು. ನಾನು ಅಲ್ಲೇ ಕೂತಿರುತ್ತಿದ್ದೆ.

ಕ್ಲಾಸಿನ ಕೊನೆಗೆ ಒಬ್ಬ ನಿಜವಾದ ಗಿರಾಕಿಗೆ ಬ್ಲೌಸ್ ಕಟ್ ಮಾಡಿ, ಅದನ್ನು ಹಾಕಿಕೊಂಡ ಫೋಟೋ ತೋರಿಸಬೇಕಿತ್ತು. ಆಗಲೇ ಸರ್ಟಿಫಿಕೇಟ್. ಅದಕ್ಕೆ ತಂಗಿ ಆರಿಸಿಕೊಂಡದ್ದು ಬಸವೇಶ್ವರನಗರದ ಒಬ್ಬರು ಮೇಡಂ ತಂದ ರೇಷ್ಮೆಯ ಬ್ಲೌಸ್ ಪೀಸನ್ನು. ಬ್ಯಾಂಕಿನಲ್ಲಿ ಕೆಲಸ, ನಮ್ಮಲ್ಲಿಗೆ ಬಹಳ ವರ್ಷದಿಂದ ಬರುವವರು. ಮಗನ ಮದುವೆ. ಅಭ್ಯಾಸದಂತೆ ಅಳತೆ ಬ್ಲೌಸೂ ತಂದಿದ್ದರು.

“ಮೇಡಂ, ಇದು ಯಾವಾಗಿಂದು?” ತಂಗಿ ಕೇಳಿದಳು.

“ನನ್ನ ತಂಗಿ ಮದುವೇದು.”

“ಈಗ್ಲೂ ಕೂರುತ್ತಾ?”

“ಉಸಿರು ಬಿಡದೇ ಇದ್ರೆ ಕೂರುತ್ತೆ.”

“ಮಗನ ಮದುವೇಲಿ ಉಸಿರಾಡ್ಬೇಕಲ್ಲ ಮೇಡಂ, ಬನ್ನಿ” ಎಂದು ಪರದೆಯ ಹಿಂದೆ ಕರೆದುಕೊಂಡು ಹೋದಳು. ಇಬ್ಬರೂ ನಗುವುದು ಕೇಳಿಸಿತು. ಅಳತೆ ತೆಗೆದು, ಎರಡು ದಿನ ಪೇಪರಿನಲ್ಲಿ ಬರೆದು ನೋಡಿ, ಆಮೇಲೆ ರೇಷ್ಮೆಗೆ ಕತ್ತರಿ ಹಾಕಿದಳು. ಹೊಲಿಯಲು ನನಗೆ ಕೊಟ್ಟು ಕ್ಲಾಸಿಗೆ ಹೋದಳು.

ನಾನು ಅವಳು ಕತ್ತರಿಸಿದ್ದರ ಮೇಲೆ ಮೇಡಂ ಬಿಟ್ಟು ಹೋಗಿದ್ದ ಅಳತೆ ಬ್ಲೌಸನ್ನು ಹರಡಿದೆ. ಅವಳದು ದೊಡ್ಡದಾಗಿತ್ತು. ತಪ್ಪು ಮಾಡಿದ್ದಾಳೆ, ತಿದ್ದೋಣ ಎಂದುಕೊಂಡೆ. ಇದನ್ನು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ಮೇಡಂ ದಪ್ಪಗಾಗಿರುವುದು ಕಾಣದಷ್ಟು ನನ್ನ ಕಣ್ಣು ಹೋಗಿರಲಿಲ್ಲ. ಹಳೆಯದರ ಗೆರೆಯ ಮೇಲೆಯೇ ಹೊಲಿದೆ. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಎಷ್ಟೇ ಬಿಗಿಯಾದರೂ ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡಬಹುದು, ಯಾಕೆಂದರೆ ಟೈಲರ್ ಆದವನು ಒಳಗೆ ಬಟ್ಟೆ ಬಿಟ್ಟಿರುತ್ತಾನೆ. ‘ಒಳಗೆ ಬಟ್ಟೆ ಬಿಟ್ಟಿದೀರಾ?’ ಎಂದು ಕೇಳದ ಗಿರಾಕಿ ಇಲ್ಲ. ತಂಗಿ ಬಿಟ್ಟಿದ್ದಳು, ಎರಡೂ ಪಕ್ಕದಲ್ಲಿ, ಧಾರಾಳವಾಗಿ. ನಾನು ಅದನ್ನು ಕತ್ತರಿಸಿ ಕಸದ ಗಾಡಿಗೆ ಹಾಕಿದೆ. ಒಳಗೇ ಇದ್ದಿದ್ದರೆ ಅವಳ ಲೆಕ್ಕ ಸರಿ ಎನ್ನುವುದಕ್ಕೆ ಅದೇ ಸಾಕ್ಷಿಯಾಗುತ್ತಿತ್ತು.

ಮೇಡಂ ಹಾಕಿ ನೋಡಲು ಬಂದರು. ಪರದೆಯ ಹಿಂದಿನಿಂದಲೇ, “ಹುಕ್ಕೇ ಬರ್ತಿಲ್ಲಮ್ಮ” ಎಂದರು.

“ಚಿಂತೆ ಇಲ್ಲ ಮೇಡಂ, ಬಿಚ್ಚಿಕೊಡ್ತೀನಿ, ಒಳಗೆ ಬಟ್ಟೆ ಬಿಟ್ಟಿದೀನಿ” ಎಂದಳು ತಂಗಿ. ಬ್ಲೌಸನ್ನು ಹೊರಗೆ ತಂದು ಮೇಜಿನ ಮೇಲಿಟ್ಟು ಒಳಮೈ ಹೊರಗೆ ಮಾಡಿದಳು. ಹೊಲಿಗೆಯ ಪಕ್ಕದಲ್ಲಿ ಬೆರಳು ಆಡಿಸಿದಳು. ಇನ್ನೊಂದು ಪಕ್ಕದಲ್ಲೂ ಆಡಿಸಿದಳು. ನನ್ನ ಕಡೆ ನೋಡಿದಳು. ಅದು ಸಂಶಯದ ನೋಟವಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಸಹಾಯ ಕೇಳುತ್ತಿದ್ದಳು.

“ಅಣ್ಣ, ನಾನು ಬಿಟ್ಟಿರಲಿಲ್ವಾ?”

ನಾನು ಮೇಡಂ ಕಡೆ ತಿರುಗಿ, “ಹೊಸಬಳು ಮೇಡಂ. ಕಲೀತಾ ಇದಾಳೆ” ಎಂದೆ.

ಮೂವತ್ತೈದು ವರ್ಷ ನನ್ನ ಅಂಗಡಿಯಲ್ಲಿ ಕೂತವಳನ್ನು ಹೊಸಬಳು ಎಂದೆ. ಕಲಿಯುತ್ತಿದ್ದಾಳೆ ಎನ್ನುವುದನ್ನು ಬೈಗುಳದ ಹಾಗೆ ಹೇಳಿದೆ.

ಮದುವೆಗೆ ನಾಲ್ಕೇ ದಿನ ಇತ್ತು. ತೋಳು ಕತ್ತರಿಸಿ ಉಳಿದಿದ್ದ ಚೂರುಗಳನ್ನು ಹುಡುಕಿ, ಕಂಕುಳ ಕೆಳಗೆ ಪಟ್ಟಿ ಕೊಟ್ಟು, ತಂಗಿ ಹೇಗೋ ಅದನ್ನು ಹಾಕಿಕೊಳ್ಳುವ ಹಾಗೆ ಮಾಡಿಕೊಟ್ಟಳು. ಮೇಡಂ ಬೈಯಲಿಲ್ಲ. “ಪರವಾಗಿಲ್ಲ, ಸೆರಗಲ್ಲಿ ಮುಚ್ಚಿಹೋಗುತ್ತೆ” ಎಂದು ತೆಗೆದುಕೊಂಡು ಹೋದರು. ಫೋಟೋ ಕೇಳುವ ಮುಖ ತಂಗಿಗೆ ಇರಲಿಲ್ಲ.

ಮಾರನೆಯ ವಾರ ಅವಳು ಕ್ಲಾಸಿಗೆ ಹೋಗಲಿಲ್ಲ. ಮಂಡಿನೋವು, ಬಸ್ ಹತ್ತೋಕಾಗಲ್ಲ ಎಂದಳು. ಪೇಪರ್ ಕಟಿಂಗುಗಳನ್ನೆಲ್ಲ ಮಡಚಿ ಎದುರಿನ ತರಕಾರಿ ಗಾಡಿಯವನಿಗೆ ಕೊಟ್ಟಳು, ಅವನು ಅದರಲ್ಲಿ ಹಸಿಮೆಣಸಿನಕಾಯಿ ಕಟ್ಟಿಕೊಡತೊಡಗಿದ. ಪರದೆಯನ್ನು ಗಂಟು ಕಟ್ಟಿ ಮೇಲಕ್ಕೆ ಸಿಕ್ಕಿಸಿದಳು. ಮತ್ತೆ ಹೆಮ್ಮಿಂಗಿಗೆ ಕೂತಳು. ಟೇಪು ನನ್ನ ಕೊರಳಲ್ಲೇ ಉಳಿಯಿತು. ನನಗೆ ಸಮಾಧಾನವಾಗಬೇಕಿತ್ತು, ಆಯಿತು ಕೂಡ. ಮೊದಲ ಎರಡು ದಿನ ಚೆನ್ನಾಗಿ ಊಟ ಸೇರಿತು. ಮೂರನೆಯ ದಿನದಿಂದ ಹೆಂಗಸರು ಬಂದು “ಆಂಟಿ, ಅಳತೆ” ಎಂದಾಗಲೆಲ್ಲ ಅವಳು, “ಅಳತೆ ಬ್ಲೌಸ್ ತನ್ನಿ, ಅಣ್ಣ ಮಾಡ್ತಾರೆ” ಎನ್ನುವುದನ್ನು ಕೇಳಬೇಕಾಯಿತು.

ಒಂದು ಮಧ್ಯಾಹ್ನ ಕ್ಲಾಸಿನ ಹುಡುಗಿಯ ಫೋನ್ ಬಂತು. ಕೈಯಲ್ಲಿ ಸೂಜಿ ಇದ್ದುದರಿಂದ ತಂಗಿ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು.

“ಆಂಟಿ, ಯಾಕೆ ಬರ್ತಿಲ್ಲ? ಮುಂದಿನ ವಾರ ಲಾಸ್ಟು. ನಿಮ್ಮದೊಂದೇ ಬಾಕಿ.”

“ನನಗೆ ಇದೆಲ್ಲ ಬರಲ್ಲ ಕಣಮ್ಮ. ಬಿಡ್ಬೇಕಾದ ಬಟ್ಟೇನೇ ಬಿಡಲ್ಲ ನಾನು. ರೇಷ್ಮೆ ಹಾಳು ಮಾಡ್ಬಿಟ್ಟೆ.”

“ಎಲ್ಲರೂ ಒಂದು ಹಾಳು ಮಾಡ್ತಾರೆ ಆಂಟಿ.”

“ನಿಮ್ಮ ವಯಸ್ಸಲ್ಲಿ ಮಾಡ್ಬೋದು. ಇಡ್ತೀನಿ.”

ಫೋನ್ ಇಟ್ಟು ಮತ್ತೆ ಹುಕ್ಸ್ ಹಾಕತೊಡಗಿದಳು. ನಾನು ಮಿಷನ್ನು ನಿಲ್ಲಿಸಿದೆ.

“ನೀನು ಬಟ್ಟೆ ಬಿಟ್ಟಿದ್ದೆ ಕಣೇ. ನಾನು ಕತ್ತರಿಸಿಬಿಟ್ಟೆ.”

ಅವಳು ತಲೆ ಎತ್ತಲಿಲ್ಲ. “ಎಷ್ಟು?”

“ಒಂದಿಂಚು.”

“ಎರಡೂ ಕಡೆನಾ?”

“ಎರಡೂ ಕಡೆ.”

“ಹಾಗಾದ್ರೆ ನಾನು ಬಿಟ್ಟಿದ್ದೆ.”

“ಬಿಟ್ಟಿದ್ದೆ.”

“ಬಿಟ್ಟಿದ್ದೆ” ಎಂದು ಇನ್ನೊಮ್ಮೆ ಅವಳೇ ಹೇಳಿಕೊಂಡಳು. ಬೈಗುಳಕ್ಕೆ ನಾನು ತಯಾರಾಗಿ ಕೂತಿದ್ದೆ. ಅವಳು ಸೂಜಿಯನ್ನು ಪಿನ್ನಿನ ದಿಂಬಿಗೆ ಚುಚ್ಚಿ, ಕೈ ಕಟ್ಟಿಕೊಂಡು, “ಯಾಕೆ?” ಎಂದಳು.

ಮೂವತ್ತೈದು ವರ್ಷ ಬಚ್ಚಿಟ್ಟದ್ದನ್ನು ಹೇಳುವುದಕ್ಕೆ ಧೈರ್ಯ ಬೇಕಾಯಿತು. “ನನಗೆ ಕಟಿಂಗ್ ಬರಲ್ಲ ಕಣೇ. ನಿಜವಾದ ಕಟಿಂಗ್.”

“ಅದು ಗೊತ್ತು. ಯಾಕೆ ಕತ್ತರಿಸ್ದೆ ಅಂತ ಕೇಳಿದ್ದು.”

“ಗೊತ್ತಾ?”

“ಅಳತೆ ಬ್ಲೌಸ್ ತರದವರನ್ನೆಲ್ಲ ನೀನು ಟೈಮಿಲ್ಲ ಅಂತ ವಾಪಸ್ ಕಳಿಸ್ತಿದ್ದೆ. ಆಷಾಢದಲ್ಲೂ.”

“ಮತ್ತೆ ಇಷ್ಟು ವರ್ಷ ಹೇಳಿಕೊಡು ಅಂತ ಯಾಕೆ ಕೇಳ್ತಿದ್ದೆ?”

“ಬರಲ್ಲ ಅಂತ ನೀನು ಒಂದ್ಸಲ ಹೇಳಿದ್ರೆ ಇಬ್ರೂ ಹೋಗಿ ಎಲ್ಲಾದ್ರೂ ಕಲೀಬೋದಿತ್ತಲ್ಲ ಅಣ್ಣ, ಅದಕ್ಕೆ.”

ಆಮೇಲೆ ಅವಳು ಅತ್ತಳು, ಸ್ವಲ್ಪ ಹೊತ್ತು. ಮುಖ ತೊಳೆದುಕೊಂಡು ಬಂದು ಫೋನನ್ನು ನನ್ನ ಮುಂದಿಟ್ಟಳು. “ಮೇಡಂಗೆ ಹೇಳು. ನನಗೆ ಹೇಳ್ದಂಗೇ ಹೇಳು.”

ಹೇಳಿದೆ. ಮೇಡಂ ಎಲ್ಲ ಕೇಳಿಸಿಕೊಂಡರು. “ಆವತ್ತೇ ಹೇಳ್ಬಾರ್ದಿತ್ತಾ ಮಾಸ್ಟ್ರೇ? ಮಗನ ಮದುವೆ ಫೋಟೋದಲ್ಲೆಲ್ಲ ನಾನು ಕೈ ಎತ್ತದೇ ನಿಂತಿದೀನಿ. ಅಕ್ಷತೆ ಕೂಡ ಕೆಳಗಿಂದಲೇ ಹಾಕ್ದೆ” ಎಂದರು. ಮರುದಿನ ಇನ್ನೊಂದು ಬ್ಲೌಸ್ ಪೀಸ್ ತಂದರು, ತಂಗಿಯ ಕೈಗೇ ಕೊಟ್ಟರು. ಅದಕ್ಕೆ ನಾವು ಕೂಲಿ ತೆಗೆದುಕೊಳ್ಳಲಿಲ್ಲ. ತಂಗಿ ಗಂಟು ಬಿಚ್ಚಿ ಪರದೆ ಇಳಿಸಿದಳು. ಆ ಬ್ಲೌಸನ್ನು ಅವಳೇ ಕತ್ತರಿಸಿ ಅವಳೇ ಹೊಲಿದಳು, ನಾನು ಹುಕ್ಸ್ ಹಾಕಿದೆ. ಮೇಡಂ ಎರಡೂ ಕೈ ಮೇಲಕ್ಕೆತ್ತಿ ಫೋಟೋ ತೆಗೆಸಿಕೊಂಡರು. ಸರ್ಟಿಫಿಕೇಟ್ ಈಗ ಅಂಗಡಿಯಲ್ಲಿ ದೇವರ ಪಟದ ಪಕ್ಕ ಇದೆ. ಅದರ ಕೆಳಗೆ ನನ್ನ ಮಿಷನ್ನು.

ಕ್ಷಮಿಸಿದೆ ಎಂದು ಅವಳು ಹೇಳಿಲ್ಲ, ನಾನು ಕೇಳಿಲ್ಲ. ಬ್ಲೌಸಿನ ಒಂದಿಂಚಿಗೆ ಪಟ್ಟಿ ಕೊಡಬಹುದು. ಒಂಬತ್ತನೇ ಕ್ಲಾಸಿನಲ್ಲಿ ನಾನು ಕತ್ತರಿಸಿದ್ದಕ್ಕೆ ಬಟ್ಟೆ ಎಲ್ಲಿಂದ ತರುವುದು ಎಂದು ಯೋಚಿಸುತ್ತೇನೆ. ಅವಳು ಮಾತ್ರ ಸರ್ಟಿಫಿಕೇಟಿಗೆ ಮೊಳೆ ಹೊಡೆದ ದಿನವೇ ತರಕಾರಿ ಗಾಡಿಯವನ ಹತ್ತಿರ ಹೋಗಿ ಒಂದು ಕಟ್ಟು ಹಳೇ ಪೇಪರ್ ತಂದು ನನ್ನ ಮುಂದೆ ಹಾಕಿದಳು.

“ಕೂತ್ಕೋ. ಎದೆ ಸುತ್ತಳತೆ ಮೂವತ್ತಾರು. ನಾಲ್ಕರಿಂದ ಭಾಗಿಸು.”

“ಭಾಗಾಕಾರ ನನಗೆ...”

“ಏಳನೇ ಕ್ಲಾಸಲ್ಲಿ ಇತ್ತಲ್ಲ?”

“ಇತ್ತು. ಆವತ್ತು ನಾನು ಹೋಗಿರಲಿಲ್ಲ.”

ಈಗ ದಿನಾ ಮಧ್ಯಾಹ್ನ ಪೇಪರ್ ಕತ್ತರಿಸುತ್ತೇನೆ. ಕಂಕುಳ ಸುತ್ತು ಇನ್ನೂ ಸರಿಯಾಗಿ ಬರುತ್ತಿಲ್ಲ. ಅವಳು ಹಿಂದೆ ನಿಂತು ನೋಡಿ, “ಇನ್ನೊಂದ್ಸಲ” ಎನ್ನುತ್ತಾಳೆ. ಕತ್ತರಿಸಿ ತೋರಿಸುವಾಗ ಬೆನ್ನು ತಿರುಗಿಸುವುದಿಲ್ಲ.

ಮೊನ್ನೆ ಮೇಡಂ ಬಂದಾಗ ನಾನು ನೆಲದ ಮೇಲೆ ಪೇಪರ್ ಹರಡಿಕೊಂಡು ಕೂತಿದ್ದೆ. “ಏನು ಮಾಸ್ಟ್ರು ಪೇಪರ್ ಕತ್ತರಿಸ್ತಿದಾರೆ?” ಎಂದು ಕೇಳಿದರು.

ತಂಗಿ ನನ್ನ ಕಡೆ ನೋಡಲಿಲ್ಲ. “ಹೊಸಬರು ಮೇಡಂ. ಕಲೀತಾ ಇದಾರೆ.”

ಮೇಡಂ ನನ್ನ ಪೇಪರನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಮೆಲ್ಲಗೆ ಕೆಳಗಿಟ್ಟರು. “ಕಲೀಲಿ ಪಾಪ” ಎಂದರು. “ನಂದು ಮಾತ್ರ ಅವರ ಕೈಗೆ ಕೊಡ್ಬೇಡಮ್ಮ.”

“ಇಲ್ಲ ಮೇಡಂ, ಇನ್ನೊಂದು ವರ್ಷ ಕೊಡಲ್ಲ” ಎಂದಳು ತಂಗಿ. ನಾನು ಇನ್ನೊಂದು ಹಾಳೆ ತೆಗೆದುಕೊಂಡೆ.