ಅತ್ತೆಯ ತಲೆಗೆ ಕಟ್ಟಿದ ನಾವೆ

ಗಲಗಲಿಯ ಹತ್ತಿರ ಕೃಷ್ಣೆಯಲ್ಲಿ ಮುಳುಗಿದ ನಾವೆಯೊಂದರ ಅಪವಾದವನ್ನು ನನ್ನ ಸೋದರತ್ತೆಯ ತಲೆಗೆ ಕಟ್ಟಿದ್ದರು. ಅದು ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ.

ಆಗ ನಮ್ಮದು ಮುಂಬಯಿ ರಾಜ್ಯ. ನಾನು ಜಮಖಂಡಿಯಲ್ಲಿ ಮ್ಯಾಟ್ರಿಕ್ ಓದುತ್ತಿದ್ದೆ; ಅಪ್ಪ ಅದೇ ಶಾಲೆಯಲ್ಲಿ ವಿಜ್ಞಾನದ ಮಾಸ್ತರು. ಅತ್ತೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಗಲಗಲಿಯಲ್ಲಿ ಒಬ್ಬರೇ ಇದ್ದರು. ಮಗಳನ್ನು ಹೊಳೆಯ ಆಚೆ ದಂಡೆಗೆ ಕೊಟ್ಟಿದ್ದರು. ಆಕೆಗೆ ಎರಡನೆಯ ಹೆರಿಗೆಯಾಗಿತ್ತು. ದೀಪಾವಳಿ ರಜೆಗೆ ನಾನೂ ಅಪ್ಪನೂ ಗಲಗಲಿಗೆ ಹೋಗಿದ್ದಾಗ ಅತ್ತೆ ಅಂಟಿನುಂಡೆ ಕಟ್ಟಿಕೊಂಡು ಬಾಣಂತಿಯನ್ನು ನೋಡಲು ಹೊರಟರು. ನಾನೂ ಜೊತೆಗೆ ನಡೆದೆ.

ನಾವೆಯ ಗುತ್ತೇದಾರ ಆ ದಿನ ಒಂದು ಚಕ್ಕಡಿ ತುಂಬ ಬಂದ ಬೆಲ್ಲವನ್ನೆಲ್ಲ ನಾವೆಗೆ ಹೇರಿಸಿದ್ದ. ಅದರ ಮೇಲೆ ಜೋಳದ ಚೀಲಗಳು, ಮಂದಿ, ಕಡೆಗೆ ಒಂದು ಎತ್ತು. ಎತ್ತು ಕಾಲಿಟ್ಟಾಗ ನಾವೆಯ ಅಂಚಿಗೂ ನೀರಿಗೂ ನಡುವೆ ಉಳಿದದ್ದು ಅಂಗೈಯಗಲ ಜಾಗ.

“ಇನ್ನ ಸಾಕಲ್ಲಪಾ, ನೀರು ಅಂಚಿಗೆ ಬಂತು,” ಎಂದರು ಅತ್ತೆ.

“ನೀವು ಸುಮ್ನ ಕೂಡ್ರಿ ಅವ್ವಾರ. ಕಟಗಿ ನಾವಿ ಎಂದಾರ ಮುಳಗತೈತೇನ್ರಿ?” ಎಂದ ಗುತ್ತೇದಾರ.

ಆಚೆ ದಂಡೆ ಸಮೀಪಿಸುತ್ತಿದ್ದಂತೆ ಎತ್ತು ಬೆದರಿ ಒಂದು ಮಗ್ಗುಲಿಗೆ ಸರಿಯಿತು. ಆ ಕಡೆಯ ಅಂಚಿನ ಮೇಲಿಂದ ನೀರು ಒಳಗೆ ನುಗ್ಗಿತು, ನಾವೆ ಕುಸಿದು ಹೋಯಿತು. ಪುಣ್ಯಕ್ಕೆ ಅಲ್ಲಿ ಎದೆಮಟ್ಟದ ನೀರು. ಅತ್ತೆ ಯಾರದೋ ಕೂಸನ್ನು ಹೆಗಲಿಗೇರಿಸಿಕೊಂಡು ದಂಡೆಗೆ ತಂದರು. ಮಂದಿಯೆಲ್ಲ ಉಳಿದರು, ನಾವೆಗೆ ಕಟ್ಟಿದ್ದ ಎತ್ತು ಸತ್ತಿತು.

ಎತ್ತಿನವನು ಗುತ್ತೇದಾರನ ಅಂಗಿ ಹಿಡಿದ. ಗುತ್ತೇದಾರ ಅತ್ತೆಯ ಕಡೆ ಕೈ ಮಾಡಿದ.

“ನನ್ನ ಯಾಕ ಕೇಳ್ತಿ? ಮುಂಡಿ ಕಾಲಿಟ್ಟಾಳ ನಾವ್ಯಾಗ. ಮುಳಗದ ಏನಾದೀತು?”

ಎತ್ತಿನವನು ಅಂಗಿ ಬಿಟ್ಟ. ಕೂಸಿನ ತಾಯಿ, ಅತ್ತೆಯ ತೋಳಲ್ಲಿ ಇನ್ನೂ ನಡುಗುತ್ತಿದ್ದ ತನ್ನ ಕೂಸನ್ನು ಕಸಿದುಕೊಂಡಳು.

ಅಂಟಿನುಂಡೆ ನೀರುಪಾಲಾಗಿತ್ತು; ಮೀನುಗಾರರ ಹರಿಗೋಲಿನಲ್ಲಿ ಗಲಗಲಿಗೆ ಮರಳಿದೆವು. ಮರುದಿನ ಚಾವಡಿಯಲ್ಲಿ ಹಿರಿಯರು ಕೂಡಿ, ಅತ್ತೆ ಇನ್ನು ನಾವೆ ಹತ್ತಬಾರದೆಂದು ತೀರ್ಮಾನಿಸಿದರು. ನನಗೆ ತಡೆಯಲಾಗಲಿಲ್ಲ. ಮನೆಯಿಂದ ತಾಮ್ರದ ತಪ್ಪೇಲಿ ತಂದು, ಚಾವಡಿಯ ಮುಂದೆ ದನ ನೀರು ಕುಡಿಯುವ ಕಲ್ಲಿನ ತೊಟ್ಟಿಯಲ್ಲಿ ತೇಲಿಬಿಟ್ಟೆ.

“ತಾಮ್ರದ ತುಂಡು ಮುಳಗತದ, ತಾಮ್ರದ ತಪ್ಪೇಲಿ ತೇಲತದ. ಯಾಕಂದ್ರ ಇದು ತನ್ನ ಭಾರದಷ್ಟ ನೀರನ್ನ ಬಾಜೂಕ ಸರಸತದ. ಆ ನೀರು ಇದನ್ನ ಹೊರತದ. ಭಾರ ಹೆಚ್ಚಾದ್ರ ಇನ್ನಷ್ಟು ಇಳದು ಇನ್ನಷ್ಟು ನೀರು ಸರಸಬೇಕು. ಅಂಚು ನೀರಿಗೆ ಮುಟ್ಟಿತಂದ್ರ ಮುಗೀತು, ಇಳೀಲಿಕ್ಕೆ ಜಾಗಾ ಇಲ್ಲ.”

ಹೇಳುತ್ತಲೇ ಒಂದೊಂದು ಕಲ್ಲು ಹಾಕಿದೆ. ಅಂಚಿನ ಮೇಲಿಂದ ನೀರು ನುಗ್ಗಿ ತಪ್ಪೇಲಿ ತಳ ಸೇರಿತು.

“ಇದರಾಗ ಯಾವ ವಿಧವಾ ಕೂತಿದ್ದಳ್ರಿ?” ಎಂದು ಕೇಳಿದೆ.

ಹಿರಿಯರೊಬ್ಬರು ಅಲ್ಲೇ ನಿಂತಿದ್ದ ಅಪ್ಪನತ್ತ ತಿರುಗಿದರು. “ಏನ್ರಿ ಮಾಸ್ತರ, ಹುಡಿಗಿ ಹೇಳೂದು ಖರೆ ಏನ್ರಿ?”

ಅಪ್ಪ ತೊಟ್ಟಿಯ ನೀರನ್ನು ನೋಡಿದರು. “ಸಣ್ಣಾಕಿ ಇದ್ದಾಳ್ರಿ. ತಿಳಿಯೂದಿಲ್ಲ,” ಎಂದರು.

ಮನೆಗೆ ಬಂದವಳೇ ಕೂಗಾಡಿದೆ. “ನೀವ ಕಲಿಸಿದ್ದಲ್ಲೇನು ಅದು, ಅಪ್ಪಾ?”

“ನಾವು ನಾಳೆ ಜಮಖಂಡಿಗೆ ಹೋಗ್ತೀವಿ. ಅಕ್ಕ ಈ ಊರಾಗ ಬಾಳಬೇಕು.”

ಅತ್ತೆ ಅಡುಗೆಮನೆಯಿಂದ ಹೊರಗೆ ಬಂದರು. “ಬಾಳಾಕಿ ನಾನು. ನನ್ನ ಒಂದು ಮಾತು ಕೇಳಬೇಕಿತ್ತಲ್ಲೋ ನೀ!” ಅವರ ಸಿಟ್ಟನ್ನು ನಾನು ಅದೇ ಮೊದಲು ಕಂಡದ್ದು. ಅಪ್ಪನಿಗೆ ಮರುದಿನ ಹೊರಡಲು ಮನಸ್ಸಾಗಲಿಲ್ಲ. ರಜೆ ಮುಗಿಯುವವರೆಗೂ ಉಳಿದೆವು.

ನಾವೆಯನ್ನು ಮೇಲೆತ್ತಿ, ಒಣಗಿಸಿ, ಮತ್ತೆ ನೀರಿಗಿಳಿಸಿದ ದಿನ ಅತ್ತೆ ಅಂಟಿನುಂಡೆಯ ಹೊಸ ಗಂಟು ಹಿಡಿದು ಹೋಗಿ ನಾವೆಯ ನಡುವೆ ಕುಳಿತುಬಿಟ್ಟರು. ನಾನು ಪಕ್ಕದಲ್ಲಿ ಕುಳಿತೆ. ಗುತ್ತೇದಾರ ಇಳಿಯಿರೆಂದು ಅರಚಿದ.

“ನಾ ಮಡೀಲೆ ಇದ್ದೀನಿ. ಮುಟ್ಟಿ ಎಬ್ಬಸು, ನೋಡೋಣು,” ಎಂದರು ಅತ್ತೆ.

ಅವನು ಮುಟ್ಟುವ ಹಾಗಿರಲಿಲ್ಲ. ಮಂದಿ ಒಬ್ಬೊಬ್ಬರಾಗಿ ಇಳಿದು ಹೋದರು, ತಮ್ಮ ಚೀಲಗಳನ್ನೂ ಇಳಿಸಿಕೊಂಡರು. ಅವರು ಇಳಿದಂತೆಲ್ಲ ನಾವೆ ನೀರಿನಿಂದ ಮೇಲೆ ಮೇಲೆ ಏರಿತು. ಅಂಬಿಗ ನಮ್ಮಿಬ್ಬರನ್ನೇ ಆಚೆ ಮುಟ್ಟಿಸಿದ. ಅತ್ತೆ ಮೊಮ್ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಸಂಜೆಯವರೆಗೂ ಕುಳಿತಿದ್ದು, ಅದೇ ನಾವೆಯಲ್ಲಿ ಮರಳಿದರು.

ಇಷ್ಟಾದ ಮೇಲಾದರೂ ಗುತ್ತೇದಾರ ಬಾಯಿ ಮುಚ್ಚಿದನೇ? “ಹೊಳೆವ್ವ ಎತ್ತು ತಗೊಂಡು ಶಾಂತ ಆಗ್ಯಾಳ. ಅದಕ್ಕ ಈ ಸಲ ಬಿಟ್ಟಳು,” ಎಂದ. ಊರು ಅದಕ್ಕೂ ತಲೆಯಾಡಿಸಿತು. ಅತ್ತೆ ನಾವೆ ಹತ್ತುವುದನ್ನು ಮಾತ್ರ ಆಮೇಲೆ ಯಾರೂ ತಡೆಯಲಿಲ್ಲ.

ಜಮಖಂಡಿಗೆ ಮರಳುವ ಬಸ್ಸಿನಲ್ಲಿ ಅಪ್ಪ ಮೆಲ್ಲಗೆ ಹೇಳಿದರು: “ಅವತ್ತು ನಾ ಹೌದು ಅನ್ನಬೇಕಿತ್ತು.”

“ಅನ್ನಬೇಕಿತ್ತು,” ಎಂದೆ.