ಬೈಗುಳ ಸೋಸುವ ಗೇಟಕ್ಕ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಸಸಿಗಳ ನೆರಳುಮನೆಯೊಳಗೆ ಆಕೆ ಗೊಬ್ಬರ ಜರಡಿ ಹಿಡಿಯುತ್ತಿದ್ದಾರೆ. ಎದುರಿನ ಹಲಗೆಯ ಮೇಲೆ, ನೀರಿನ ಡಬ್ಬಿಗೆ ಒರಗಿಸಿಟ್ಟ ಫೋನು. ಅದು ಗುರುಗುಟ್ಟಿದಾಗಲೆಲ್ಲ ಜರಡಿ ನಿಲ್ಲುತ್ತದೆ. ಮಣ್ಣು ತಾಗದ ಕಿರುಬೆರಳೊಂದನ್ನು ಅದಕ್ಕೆಂದೇ ಉಳಿಸಿಕೊಂಡಿದ್ದಾರೆ. ಅದರಿಂದ ಪರದೆ ಸರಿಸಿ ಓದುತ್ತಾರೆ.

"ಇಲ್ಲೊಬ್ಬರು ಇನ್ನೊಬ್ಬರ ಬದನೆ ನೋಡಿ 'ಇದು ಗಿಡಾನಾ, ಪೊರಕೆನಾ' ಅಂದಿದ್ದಾರೆ. ಅವರು ಸುಮ್ನಿರ್ತಾರಾ? ಇವರ ತಲೆಕೂದಲಿನ ವಿಷಯಕ್ಕೆ ಹೋಗಿದ್ದಾರೆ. ತಿಂಡಿಗೆ ಮುಂಚೆ ಇಷ್ಟಾಗಿದೆ ನೋಡಿ," ಎಂದು, ಆಕೆಯ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ. ನಗುವುದಿಲ್ಲ. ಪೊರಕೆಯನ್ನೂ ತಲೆಕೂದಲನ್ನೂ ಅಳಿಸುತ್ತಾರೆ. 'ಗಿಡಕ್ಕೆ ಗಾಳಿ ಆಡುತ್ತಿಲ್ಲ, ಕೆಳಗಿನ ಎಲೆ ತೆಗೆಯಿರಿ' ಎಂಬ ಮಾತು ಆ ಜಗಳದೊಳಗೆ ಎಲ್ಲೋ ಹೂತುಹೋಗಿತ್ತು. ಅದನ್ನು ಹೆಕ್ಕಿ, ಹೇಳಿದವರ ಹೆಸರಿನಲ್ಲೇ ಮತ್ತೆ ಹಾಕುತ್ತಾರೆ. ಜರಡಿ ಮತ್ತೆ ಅಲ್ಲಾಡುತ್ತದೆ.

ಹಗಲಿಗೆ ಆಕೆ ಈ ನರ್ಸರಿಯ ಕೆಲಸಗಾರ್ತಿ. ಉಳಿದಂತೆ, ಹನ್ನೊಂದು ಸಾವಿರ ರೈತರಿರುವ ಆನ್‌ಲೈನ್ ಗುಂಪೊಂದರ ಕಾವಲು. ಯಾರು ಒಳಗೆ ಬರಬೇಕು, ಯಾವ ಮಾತು ನಿಲ್ಲಬೇಕು, ಯಾವುದು ಹೋಗಬೇಕು ಎಂದು ನೋಡುವವರು ಆಕೆಯೇ. ಅದಕ್ಕೆ ಸಂಬಳವಿಲ್ಲ. ಗುಂಪಿನಲ್ಲಿ ಎಲ್ಲರೂ ಕರೆಯುವುದು ಗೇಟಕ್ಕ ಎಂದು. ಬೀಜದ ಅಂಗಡಿಯಲ್ಲಿ ಮುಖಪರಿಚಯವಿಲ್ಲದ ಕೆಲವರು ಆಕೆಯ ಪಕ್ಕದಲ್ಲೇ ನಿಂತು ಗೇಟಕ್ಕನನ್ನು ಹೊಗಳಿದ್ದೂ ಉಂಟು, ಬೈದದ್ದೂ ಉಂಟು. ಆಕೆ ತಾನೇ ಗೇಟಕ್ಕ ಎಂದು ಹೇಳದೆ ಬೀಜ ತೆಗೆದುಕೊಂಡು ಬಂದಿದ್ದಾರೆ.

ಪತಿ ಅದೇ ನರ್ಸರಿಯ ವ್ಯಾನ್ ಓಡಿಸುತ್ತಾರೆ. "ನಾನು ಮದುವೆ ಆಗಿದ್ದು ಒಬ್ಬಳನ್ನ. ಸಂಸಾರ ಮಾಡ್ತಿರೋದು ಹನ್ನೊಂದು ಸಾವಿರ ಜನದ ಜೊತೆ," ಎಂಬುದು ಅವರ ಹಳೆಯ ದೂರು. ಅತ್ತೆಯದು ಬೇರೆ ಲೆಕ್ಕ. "ಊರೋರ ಮಾತೆಲ್ಲ ಅಳಿಸ್ತಾಳೆ. ನನ್ನ ಮಾತು ಅಳಿಸೋಕೆ ಗುಂಡಿ ಇಲ್ಲವಲ್ಲ, ಅದೊಂದೇ ನನ್ನ ಪುಣ್ಯ," ಎಂದು ಅಡುಗೆಮನೆಯಿಂದಲೇ ಕೂಗಿ ಹೇಳುತ್ತಾರೆ. ಸೊಸೆಗೆ ಕೇಳಲಿ ಎಂದೇ.

ಗುಂಪು ಶುರುವಾದ ಹೊಸತರಲ್ಲಿ ಅಲ್ಲಿ ಬೆಳೆಗಿಂತ ಬೈಗುಳ ಹೆಚ್ಚು. ಎಲೆಯ ಮೇಲೆ ಚುಕ್ಕೆ ಬಂದಿದೆ ಎಂದು ಒಬ್ಬರು ಫೋಟೋ ಹಾಕಿದರೆ, ನೀರು ಹಾಕಲು ಬಾರದವರು ಕೃಷಿಗೆ ಯಾಕೆ ಬರಬೇಕು ಎಂದು ಹತ್ತು ಮಂದಿ ಎರಗುತ್ತಿದ್ದರು. ಹೊಸಬರು ಪ್ರಶ್ನೆ ಕೇಳುವುದನ್ನೇ ಬಿಟ್ಟರು. ಕೆಟ್ಟ ಬೆಳೆ ಇದ್ದವರು ಅಡಗಿಸಿಟ್ಟರು, ಒಳ್ಳೆಯ ಬೆಳೆ ಇದ್ದವರು ಮಾತ್ರ ಮೆರೆದರು.

ಆಗ ಗೇಟಕ್ಕ ಒಂದು ನಿಯಮ ತಂದರು. ಅದರ ಹೆಸರು 'ಮೊದಲು ನಿಮ್ಮದು'. ಇನ್ನೊಬ್ಬರ ಬೆಳೆಯಲ್ಲಿ ತಪ್ಪು ಹೇಳಬೇಕೆಂದರೆ, ಮೊದಲು ನಿಮ್ಮ ಹೊಲದಲ್ಲಿ ನೀವೇ ಕೆಡಿಸಿದ ಒಂದು ಬೆಳೆಯ ಫೋಟೋ ಹಾಕಬೇಕು. ಆಮೇಲೆ ಮಾತು. ಮೊದಲಿಗೆ ಗೊಣಗಿದ ಜನ ಬರಬರುತ್ತ ಅದನ್ನೇ ಆಟ ಮಾಡಿಕೊಂಡರು. ಹಾಲಿನ ಡೇರಿಯವರೊಬ್ಬರು ಕೊಳೆತ ಸೌತೆಕಾಯಿಯ ಫೋಟೋ ಹಾಕಿ, "ಇದು ನನ್ನ ಘನಕಾರ್ಯ. ಈಗ ತಮ್ಮ ಮೆಣಸಿನ ಗಿಡಕ್ಕೆ ಬರೋಣವಾ?" ಎಂದು ಬರೆಯುತ್ತಿದ್ದರು. ಸೋತದ್ದನ್ನು ತೋರಿಸಿದವರ ಮಾತನ್ನು ಜನ ಕೇಳಿಸಿಕೊಳ್ಳುತ್ತಾರೆ ಎಂದು ಗೇಟಕ್ಕನಿಗೆ ಗೊತ್ತಾಯಿತು. ಗುಂಪು ಬೆಳೆಯಿತು. ಬೇರೆ ಗುಂಪಿನವರು ಬಂದು ಈ ನಿಯಮವನ್ನು ಕೇಳಿಕೊಂಡು ಹೋದರು.

ಒಬ್ಬರು ಮಾತ್ರ ಒಂದು ಫೋಟೋವನ್ನೂ ಹಾಕಲಿಲ್ಲ. ಗುಂಪು ಅವರಿಗೆ ಖಾರಜ್ಜ ಎಂದು ಹೆಸರಿಟ್ಟಿತ್ತು. ಅವರಿಗೆ ದೊಡ್ಡವರು ಚಿಕ್ಕವರು ಎಂಬುದಿಲ್ಲ, ಎಲ್ಲರೂ 'ದಡ್ಡರೇ'. ಗೇಟಕ್ಕನೂ 'ಏ ಹುಡುಗಿ'. ಹೇಳಿದ್ದು ಹೆಚ್ಚಾಗಿ ಸರಿಯಿರುತ್ತಿತ್ತು. ಹೇಳುವ ರೀತಿಗೆ ಜನ ಉರಿದುಬೀಳುತ್ತಿದ್ದರು. ಗೇಟಕ್ಕ ಅಳಿಸುತ್ತಿದ್ದರು. ಅವರು ಮತ್ತೆ ಬರೆಯುತ್ತಿದ್ದರು. ಹಾಗೆಯೇ ನಡೆದುಕೊಂಡು ಹೋಗುತ್ತಿತ್ತು.

ಹೋದ ವರ್ಷ ನಾಟಿಯ ಹೊತ್ತಿಗೆ, ಕುದುರೆ ಸವಾರಿ ಕಲಿಸುವ ಲಾಯವೊಂದರವರು ಗುಂಪಿನಲ್ಲಿ ಬರೆದರು. ಗೊಬ್ಬರ ರಾಶಿ ಬಿದ್ದಿದೆ, ಬೇಕಾದವರು ಗಾಡಿ ತಂದು ತುಂಬಿಕೊಂಡು ಹೋಗಿ, ದುಡ್ಡು ಬೇಡ. ಜನ ಹಿಗ್ಗಿದರು. ಆ ಹಿಗ್ಗಿನ ನಡುವೆ ಖಾರಜ್ಜ ಬರೆದದ್ದು ಗೇಟಕ್ಕನಿಗೆ ಬಾಯಿಪಾಠವಾಗಿದೆ. ಅಳಿಸಿದವರಿಗೆ ಅಳಿಸಿದ್ದೇ ನೆನಪಿರುತ್ತದೆಯಂತೆ.

"ಪುಕ್ಕಟೆ ಅಂದ್ರೆ ಬಾಯಿ ಬಿಟ್ಕೊಂಡು ಓಡ್ತೀರಲ್ಲ, ದಡ್ಡರಾ. ಕುದುರೆ ತಿಂದ ಹುಲ್ಲಿಗೆ ಏನು ಹೊಡೆದಿದ್ರು ಅಂತ ಒಬ್ಬನಾದ್ರೂ ಕೇಳಿದ್ನಾ? ಕಳೆ ಸಾಯಿಸೋ ಔಷಧಿ ಹುಲ್ಲಲ್ಲೂ ಇರುತ್ತೆ, ಲದ್ದಿಯಲ್ಲೂ ಇರುತ್ತೆ. ಟೊಮೆಟೊ ಮುದುಡ್ಕೊಂಡು ಸಾಯುತ್ತೆ. ಮೊದಲು ಒಂದು ಲೋಟದಲ್ಲಿ ಆ ಗೊಬ್ಬರ ಹಾಕಿ ಬೀನ್ಸ್ ಬಿತ್ತಿ ನೋಡ್ರೋ. ಎಲೆ ನೆಟ್ಟಗೆ ಬಂದ್ರೆ ಆಮೇಲೆ ಕುಣೀರಿ."

ದಡ್ಡರು ಎಂದಿತ್ತು. ಫೋಟೋ ಇರಲಿಲ್ಲ. ಗೇಟಕ್ಕ ಅಳಿಸಿ, 'ದಯವಿಟ್ಟು ಮೊದಲು ನಿಮ್ಮದು' ಎಂದು ಎಲ್ಲರಿಗೂ ಕಳಿಸುವ ಸಾಲನ್ನು ಅವರಿಗೂ ಕಳಿಸಿದರು. ಅವರು ಅದನ್ನೇ ಮತ್ತೆ ಹಾಕಿದರು, ಈ ಸಲ ಇನ್ನೂ ಖಾರವಾಗಿ. ಗೇಟಕ್ಕ ಮತ್ತೆ ಅಳಿಸಿ, ಒಂದು ವಾರ ಬರೆಯದಂತೆ ಬೀಗ ಹಾಕಿದರು. ಬೀಗ ತೆಗೆಯುವ ಮೊದಲೇ ಖಾರಜ್ಜ ಗುಂಪು ಬಿಟ್ಟಿದ್ದರು. ಹೊರಟುಹೋದವರ ಬಗ್ಗೆ ಫೋನು ಬೂದುಬಣ್ಣದ ಒಂದು ಸಾಲು ತೋರಿಸಿ ಸುಮ್ಮನಾಗುತ್ತದೆ. ಅದರ ಕೆಳಗೆ ಯಾರೋ "ಅಬ್ಬಾ, ಕಣ್ಣುರಿ ಹೋಯ್ತು" ಎಂದು ಬರೆದರು. ತುಂಬಾ ಜನ ಅದನ್ನು ಮೆಚ್ಚಿದರು.

"ಮೆಚ್ಚಿದವರಲ್ಲಿ ನಾನೂ ಒಬ್ಬಳು," ಎನ್ನುತ್ತಾರೆ ಗೇಟಕ್ಕ. ಕೈ ಜರಡಿಯ ಅಂಚಿನಲ್ಲಿ ನಿಂತಿದೆ. "ಒಂದು ಬೆರಳಿನ ಕೆಲಸ ಅಷ್ಟೇ. ಒತ್ತಿಬಿಟ್ಟೆ."

ಮೊದಲ ಫೋಟೋ ಬಂದದ್ದು ಶಾಲಾ ಬಸ್ ಓಡಿಸುವ ಮಹಿಳೆಯೊಬ್ಬರಿಂದ. ಮನೆಯ ಹಿಂದಿನ ಜಾಗದಲ್ಲಿ ಅವರು ಅದೇ ಮೊದಲ ಸಲ ಟೊಮೆಟೊ ಹಾಕಿದ್ದರು. ಎರಡು ಗಾಡಿ ಲಾಯದ ಗೊಬ್ಬರ ತಂದು ಹರಡಿದ್ದರು. ಗಿಡದ ತುದಿಯ ಎಳೆ ಎಲೆಗಳು ಮುಷ್ಟಿ ಕಟ್ಟಿದ ಹಾಗೆ ಒಳಕ್ಕೆ ಸುರುಳಿಯಾಗಿದ್ದವು. ಗುಂಪು ಬಹಳ ಸೌಜನ್ಯದಿಂದ ಸಲಹೆ ಕೊಟ್ಟಿತು. ನೀರು ಹೆಚ್ಚಾಗಿರಬೇಕು. ರೋಗ ಇರಬೇಕು. ಬಿಸಿಲು. ಪ್ರತಿಯೊಬ್ಬರೂ ಮೊದಲು ತಮ್ಮ ಕೆಟ್ಟ ಬೆಳೆಯ ಫೋಟೋ ಹಾಕಿಯೇ ಮಾತಾಡಿದರು. ಯಾರೂ ದಡ್ಡಿ ಎನ್ನಲಿಲ್ಲ. ಯಾರಿಗೂ ಕಾರಣ ಗೊತ್ತಾಗಲಿಲ್ಲ.

ಆ ಎಲೆ ನೋಡಿದ ಕೂಡಲೇ ಗೇಟಕ್ಕನಿಗೆ ಗೊತ್ತಾಯಿತು. ಆದರೂ ಹೇಳಲಿಲ್ಲ. ಬಸ್ಸಿನವರ ಮನೆಗೆ ಹೋಗಿ ಆ ಗೊಬ್ಬರವನ್ನು ಒಂದು ಚೀಲದಲ್ಲಿ ತಂದು, ಲೋಟಗಳಲ್ಲಿ ತುಂಬಿ ಬೀನ್ಸ್ ಬಿತ್ತಿದರು. ಖಾತರಿ ಮಾಡಿಕೊಳ್ಳಬೇಕಿತ್ತು ಎನ್ನುತ್ತಾರೆ. "ನನ್ನ ಊಹೆ ತಪ್ಪಾಗಿರಲಿ ಅಂತಾನೂ ಇತ್ತು," ಎಂದೂ ಸೇರಿಸುತ್ತಾರೆ. ಬೀನ್ಸ್ ಮೊಳೆಯಿತು. ಎರಡನೆಯ ಜೊತೆ ಎಲೆಗಳು ಮುದುಡಿಕೊಂಡೇ ಹೊರಬಂದವು. ಅಷ್ಟರಲ್ಲಿ ಇನ್ನೂ ಕೆಲವರ ಹೊಲದಿಂದ ಅದೇ ಫೋಟೋಗಳು ಬಂದಿದ್ದವು.

ಆ ಬೆಳಿಗ್ಗೆ ಗೇಟಕ್ಕ ತಾವೇ ತಮ್ಮ ನಿಯಮಕ್ಕೆ ತಲೆಬಾಗಿದರು. ಮುದುಡಿದ ಬೀನ್ಸ್‌ನ ಫೋಟೋ ಹಾಕಿ ಬರೆದರು: 'ಇದು ನನ್ನದು. ಖಾರಜ್ಜ ಮೊದಲೇ ಹೇಳಿದ್ದರು. ಎರಡು ಸಲ ಹೇಳಿದರು. ಎರಡು ಸಲವೂ ಅಳಿಸಿದ್ದು ನಾನು.'

ಬಂದ ಮಾತುಗಳು ಸಣ್ಣವಲ್ಲ. ಗೇಟು ಕಿತ್ತು ಒಲೆಗೆ ಹಾಕಿ ಎಂದರು. ಬರೀ ನಯವಿನಯ ನೋಡಿ ನಮ್ಮ ಹೊಲ ಸುಟ್ಟಿರಿ ಎಂದರು. ಫೋಟೋ ಹಾಕಿ ಎಂದು ಅವರಿಗೆ ಗೇಟಕ್ಕ ಹೇಳಲಿಲ್ಲ. ಒಂದನ್ನೂ ಅಳಿಸಲಿಲ್ಲ. "ನನ್ನ ಮೇಲೆ ಬಂದಿದ್ದನ್ನ ನಾನೇ ಅಳಿಸಿದ್ರೆ ಆಮೇಲೆ ಯಾರದ್ದನ್ನೂ ಮುಟ್ಟೋ ಹಾಗಿಲ್ಲ," ಎನ್ನುತ್ತಾರೆ. ಆ ದಿನ ತೆಗೆದದ್ದು ಒಂದೇ. ಆ ಮುದುಕ ನೆಟ್ಟಗೆ ಮಾತಾಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದು ಯಾರೋ ಬರೆದಿದ್ದರು. ಅದನ್ನು ತೆಗೆದರು.

ಬಸ್ಸಿನವರು ಮಾತ್ರ ಬೈಯಲಿಲ್ಲ. "ಇರ್ಲಿ ಬಿಡಿ ಅಕ್ಕಾ, ನಿಯಮ ಎಲ್ರಿಗೂ ಒಂದೇ ಅಲ್ವಾ," ಎಂದು ಬರೆದರು. ಗಿಡಗಳನ್ನೆಲ್ಲ ಕಿತ್ತರು. ಆ ನೆಲದಲ್ಲಿ ಈಗ ಜೋಳವಿದೆ. ಟೊಮೆಟೊ ಮತ್ತೆ ಯಾವಾಗ ಹಾಕಬಹುದು ಎಂದು ಅವರು ಆಗಾಗ ಕೇಳುತ್ತಾರೆ. ಲೋಟದ ಬೀನ್ಸ್ ನೆಟ್ಟಗೆ ಬಂದ ಮೇಲೆ ಎಂದು ಗೇಟಕ್ಕ ಹೇಳುತ್ತಾರೆ. ಆ ನೆಲದ ಮಣ್ಣಿನ ಲೋಟ ಈಗಲೂ ಈ ಹಲಗೆಯ ಮೇಲಿದೆ. ಎಲೆ ಇನ್ನೂ ಸ್ವಲ್ಪ ಸೊಟ್ಟ.

ಖಾರಜ್ಜನ ನಂಬರಿಗೆ ಗೇಟಕ್ಕ ಹಲವು ಸಲ ಕರೆ ಮಾಡಿದರು. ಕೊನೆಗೆ ಮಗಳು ಎತ್ತಿ ವಿಳಾಸ ಹೇಳಿದರು. ಗೇಟಕ್ಕ ದೊಡ್ಡ ತೋಟವೊಂದನ್ನು ಎಣಿಸಿಕೊಂಡು ಹೋಗಿದ್ದರು. ಸಿಕ್ಕಿದ್ದು ಮೂರನೆಯ ಮಹಡಿಯ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಮಗಳ ಹೊಲಿಗೆ ಯಂತ್ರ, ಬಟ್ಟೆಯ ಚೂರುಗಳು. ಹಿಂದಿನ ಬಾಲ್ಕನಿಯಲ್ಲಿ ಒಂದು ಕುರ್ಚಿ, ಕೆಲವು ಕುಂಡ. ಖಾರಜ್ಜ ಜೀವಮಾನವಿಡೀ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಇನ್ನೊಬ್ಬರ ಹೊಲಗಳಿಗೆ ಔಷಧಿ ಹೊಡೆದ ದಿನಗೂಲಿಯವರು. ಅವರಿಗೆ ಹೊಲವೆಂಬುದು ಯಾವತ್ತೂ ಇರಲಿಲ್ಲ. ಲಾಯಕ್ಕೆ ಮೇವು ಹೋಗುವ ಹುಲ್ಲುಗಾವಲಿಗೆ ಕಳೆ ಔಷಧಿ ಹೊಡೆದವರೂ ಅವರೇ.

ಮಗಳ ಬಾಯಿಂದ ಇದನ್ನೆಲ್ಲ ಕೇಳಿ ಗೇಟಕ್ಕ ಬಾಗಿಲಲ್ಲೇ ನಿಂತರು. ಇದನ್ನು ಗುಂಪಿನಲ್ಲಿ ಯಾಕೆ ಹೇಳಲಿಲ್ಲ ಎಂದು ಖಾರಜ್ಜನನ್ನು ಕೇಳಿದರು.

"ಫೋಟೋ ಕೇಳಿದ್ರಲ್ಲ. ಎಲ್ಲಿಂದ ತರ್ಲಿ?" ಎಂದರಂತೆ ಅವರು. "ಬೇರೆಯವರ ಹೊಲದ್ದು ಹಾಕಿ ನನ್ನದು ಅನ್ನಲಾ? ಬನ್ನಿ, ಒಳಗೆ ಬನ್ನಿ. ನಿಂತೇ ಇದ್ದೀರಲ್ಲ."

ಗೇಟಕ್ಕ ತಪ್ಪಾಯಿತು ಎಂದರು. ಗುಂಪಿಗೆ ಮರಳಿ ಬರಬೇಕೆಂದು ಕೇಳಿಕೊಂಡರು. ಅವರು ಕೋಪ ಮಾಡಿಕೊಳ್ಳಲಿಲ್ಲ. ಕುರ್ಚಿ ಬಿಟ್ಟುಕೊಟ್ಟರು. ನೀರು ತಂದುಕೊಟ್ಟರು. "ನೀವು ಮಾಡಿದ್ದು ಸರಿಯಾಗೇ ಇದೆ. ನಿಯಮ ಅಂದ್ಮೇಲೆ ನಿಯಮ. ನನ್ನ ಬಾಯೂ ಸರಿ ಇಲ್ಲ. ನೀವು ಯಾಕೆ ಇಷ್ಟು ದೂರ ಬಂದ್ರಿ, ತೊಂದ್ರೆ ಆಯ್ತು ನಿಮಗೆ," ಎಂದರು. ಹೊರಡುವವರೆಗೂ ಹಾಗೆಯೇ ಮಾತಾಡಿದರು. ಒಂದು ಸಲವೂ ಏ ಹುಡುಗಿ ಎನ್ನಲಿಲ್ಲ.

ಮಗಳೊಂದಿಗೆ ನಾನು ಫೋನಿನಲ್ಲಿ ಮಾತಾಡಿದೆ. "ನನ್ನ ಅಪ್ಪ ಅಷ್ಟು ಮೆತ್ತಗೆ ಮಾತಾಡಿದ್ದು ನಾನು ಹುಟ್ಟಿದಾಗಿಂದ ಕೇಳಿಲ್ಲ. ಹೊಲಿಯೋದು ನಿಲ್ಲಿಸಿ ನೋಡ್ದೆ," ಎಂದರು. "ಮುಂಚೆ ಆ ಗುಂಪು ನೋಡ್ಕೊಂಡು ಒಬ್ರೇ ಕೂಗಾಡ್ತಿದ್ರು. ಸಾಕು ನಿಲ್ಲಿಸಪ್ಪಾ ಅಂತಿದ್ದೆ. ಈಗ ಬಾಲ್ಕನೀಲಿ ಸುಮ್ನೆ ಕೂತಿರ್ತಾರೆ."

ಗುಂಪು ಈಗ ಬದಲಾಗಿದೆ. ನಿಯಮದಿಂದ 'ಹೊಲ' ಎಂಬ ಮಾತು ಹೋಗಿದೆ. ಹೊಲವಿಲ್ಲದವರು ಕಂಡದ್ದನ್ನು ಹೇಳಿದರೂ ಸಾಕು. ಲೋಟದ ಬೀನ್ಸ್ ತೋರಿಸದೆ ಯಾರೂ ಗೊಬ್ಬರ ಕೊಡುವಂತಿಲ್ಲ. ಬೈಗುಳವಿರುವ ಮಾತನ್ನು ಗೇಟಕ್ಕ ಒಂದೇ ಏಟಿಗೆ ಅಳಿಸುವುದಿಲ್ಲ. ಬೈಗುಳ ತೆಗೆದು ಉಳಿದದ್ದನ್ನು ಹಾಕುತ್ತಾರೆ. ದಿನಕ್ಕೆ ಐನೂರು, ಆರುನೂರು ಸಂದೇಶ ಬರುವ ಕಡೆ ಇದು ಕಣ್ಣು ಕೀಳುವ ಕೆಲಸ. "ಮೊದಲು ಒಂದು ಬೆರಳು ಸಾಕಿತ್ತು. ಈಗ ಪೂರ್ತಿ ಓದಬೇಕು," ಎನ್ನುತ್ತಾರೆ. ಇವೆಲ್ಲ ಆದದ್ದು ಯಾರಿಂದಲೋ, ಅವರು ಗುಂಪಿನಲ್ಲಿಲ್ಲ. ಅವರ ನಂಬರನ್ನು ಗೇಟಕ್ಕ ಫೋನಿನಿಂದ ತೆಗೆದಿಲ್ಲ. ಅದು ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆಯೇ ಇದೆ.

ಬಿಸಿಲು ಈಗ ನೆರಳುಮನೆಯ ಬಲೆಯ ಮೂಲಕ ಹಲಗೆಗೆ ಬಿದ್ದಿದೆ. ಜರಡಿಯ ಮೇಲೆ ಉಳಿದ ದಪ್ಪ ಹೆಂಟೆಗಳನ್ನು ಆಕೆ ಎಸೆಯದೆ ಕೈಯಿಂದ ಪುಡಿ ಮಾಡಿ ಮತ್ತೆ ಜರಡಿಗೆ ಹಾಕುತ್ತಾರೆ. ಕೈ ತೊಳೆದುಕೊಂಡು ಬಂದು ಬೀನ್ಸ್‌ನ ಲೋಟವೊಂದನ್ನು ಬೆಳಕಿಗೆ ಎಳೆಯುತ್ತಾರೆ. ಆಮೇಲೆ, ವಿಚಿತ್ರವೆನ್ನಿಸುವಂತೆ, ಅದರ ಕೆಳಗಿನ ತಟ್ಟೆಗೆ ಅಂಚಿನವರೆಗೂ ನೀರು ಸುರಿಯುತ್ತಾರೆ. ಹೀಗೆ ನೀರು ನಿಂತರೆ ಬೇರು ಕೊಳೆಯುತ್ತದೆ ಎಂದು ಇಲ್ಲಿಗೆ ಸಸಿ ಕೊಳ್ಳಲು ಬಂದವರಿಗೆಲ್ಲ ಹೇಳುವವರು ಆಕೆಯೇ.

ನಾನು ನೋಡಿದ್ದು ಅವರಿಗೆ ಗೊತ್ತಾಗುತ್ತದೆ. "ಬೇಕಂತಲೇ," ಎನ್ನುತ್ತಾರೆ. ನೀರು ಚೆನ್ನಾಗಿ ಕಾಣುವಂತೆ ಫೋಟೋ ತೆಗೆದು ಖಾರಜ್ಜನಿಗೆ ಕಳಿಸುತ್ತಾರೆ. ಪ್ರತಿ ಬೆಳಿಗ್ಗೆ ಏನಾದರೊಂದು ತಪ್ಪು ಮಾಡಿ ಕಳಿಸುತ್ತಾರಂತೆ. ನಿನ್ನೆ ಗಿಡಕ್ಕೆ ಕೋಲನ್ನು ತಲೆಕೆಳಗಾಗಿ ಊರಿದ್ದರು. ಮೊನ್ನೆ ಒಂದೇ ಲೋಟಕ್ಕೆ ಹತ್ತು ಬೀಜ.

ಫೋನು ಗುರುಗುಟ್ಟುತ್ತದೆ. ಉತ್ತರ ಬಂದಿದೆ. ಆಕೆ ಪರದೆಯನ್ನು ನನ್ನ ಕಡೆ ತಿರುಗಿಸುತ್ತಾರೆ. 'ನಮಸ್ಕಾರ. ತುಂಬಾ ಚೆನ್ನಾಗಿದೆ.' ಅದರ ಮೇಲೆ ನಿನ್ನೆಯದು, ಅದರ ಮೇಲೆ ಮೊನ್ನೆಯದು. ಎಲ್ಲವೂ ಅದೇ.

ಗೇಟಕ್ಕ ತಟ್ಟೆಯ ನೀರನ್ನು ಚೆಲ್ಲಿ, ಲೋಟವನ್ನು ಒರೆಸಿ ಅದರ ಜಾಗದಲ್ಲಿಡುತ್ತಾರೆ.

"ನೋಡದೇ ಇರೋರಲ್ಲ ಅವರು. ಅವರ ಕಣ್ಣಿಗೆ ಬೀಳದೆ ಇರುತ್ತಾ ಇದು?" ಎನ್ನುತ್ತಾರೆ. "ಒಂದೇ ಒಂದು ಸಲ, 'ಏ ದಡ್ಡಿ, ನೀರು ಚೆಲ್ಲೇ' ಅಂದ್ರೆ ಸಾಕು. ಹನ್ನೊಂದು ಸಾವಿರ ಜನಕ್ಕೂ ತೋರಿಸ್ತೀನಿ. ಸೋಸಲ್ಲ. ಹಾಗೇ ಹಾಕ್ತೀನಿ."